ನಮ್ಮ ರಾಯ್ಸನಿಗೆ ಸೊನ್ನೆ ಕೊಟ್ಟ ಉಸಿರು ಯಂತ್ರಕ್ಕೆ

ಎರಡೆರಡೇ ಕಾರು ನೇರ ದಾರಿಯಲ್ಲಿ ಪಂದ್ಯ ಕಟ್ಟಿ ಓಡುವ ಹಾರ್ಲನ್ಸ್ ಫೋರ್ಕ್ ಡ್ರ್ಯಾಗ್ ರೇಸ್ ಮೈದಾನದ ತಪಾಸಣಾ ಬಂಡಿಯಲ್ಲಿ, ಕಪ್ಪು ಪೆಟ್ಟಿಗೆಯ ಒಳಗೆ, ಮೆತ್ತನೆಯ ಸ್ಪಂಜಿನ ಮೇಲೆ ಪವಡಿಸಿರುವ, ಕುಡಿದವರನ್ನು ಊದಿಸಿ ಹಿಡಿಯುವ ಉಸಿರು ತಪಾಸಣಾ ಯಂತ್ರ ಮಹಾಶಯರ ಸನ್ನಿಧಿಗೆ, ಕಾರು ಓಡಿಸುವ ರಾಯ್ಸ್ ಪ್ರೂಯಿಟ್‌ನ ಅಕ್ಕ ಲವೀನಾ ಪ್ರೂಯಿಟ್ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ತಮ್ಮ ಬ್ಯಾಟರಿ ತುಂಬಿದೆಯೆಂದೂ, ತಮ್ಮ ಊದುಕೊಳವೆ ಶುಭ್ರವಾಗಿದೆಯೆಂದೂ, ಇಂಡಿಯಾನಾದ ಈ ಸೆಪ್ಟೆಂಬರಿನ ಸೆಕೆ ತಮ್ಮ ಆರೋಗ್ಯಕ್ಕೆ ಬಾಧೆ ಕೊಟ್ಟಿಲ್ಲವೆಂದೂ ನಂಬಿದ್ದೇನೆ. ನಮ್ಮ ಕಡೆ ಯಾವುದೂ ನೆಟ್ಟಗಿಲ್ಲ, ಅದಕ್ಕೇ ಈ ಕಾಗದ.

ಮೊದಲು ನನಗೆ ಬಿದ್ದ ಕನಸನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ಮಧ್ಯೆ ಮಧ್ಯೆ ಬಂದು ಕೈ ತಡೆಯುತ್ತದೆ. ಕನಸಿನಲ್ಲಿ ನಮ್ಮ ಕಾರಿನೊಳಗೆ ರಾಯ್ಸನ ಬದಲು ತಾವು ಕುಳಿತಿದ್ದಿರಿ, ಅವನ ಹೆಲ್ಮೆಟ್ಟನ್ನೇ ಹಾಕಿಕೊಂಡು. ಹಸಿರು ದೀಪ ಹತ್ತಿತು, ತಾವು ಹೊರಟಿರಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಗೆಲುವಿನ ಗೆರೆ ದಾಟಿದಿರಿ, ನಾನು 'ಎಳೀರಿ, ಪ್ಯಾರಾಚೂಟ್ ಎಳೀರಿ' ಎಂದು ಬಡಕೊಳ್ಳುತ್ತಿದ್ದೆ. ಕಾರನ್ನು ತಡೆದು ನಿಲ್ಲಿಸುವ ಪ್ಯಾರಾಚೂಟ್ ಅರಳಬೇಕಾದ ಜಾಗದಿಂದ ಉದ್ದನೆಯ ಕಾಗದದ ಸುರುಳಿಯೊಂದು ಹೊರಬಂದು, ಅದರ ತುಂಬ ಸೊನ್ನೆ, ಸೊನ್ನೆ, ಸೊನ್ನೆ ಎಂದು ಅಚ್ಚಾಗಿತ್ತು. ಕಾಗದ ಗಾಳಿಗೆ ಹರಿಯಿತು. ಕಾರು ನಿಲ್ಲಲಿಲ್ಲ.

ಹೆದರುವುದು ನನಗೆ ಹೊಸದಲ್ಲ ಸ್ವಾಮಿ. ಟ್ರೇಲರಿನ ಕೊಂಡಿ ಹಾಕಿದ್ದೇನೋ ಇಲ್ಲವೋ ಎಂದು ಹೆದ್ದಾರಿಯ ಪಕ್ಕಕ್ಕೆ ನಿಲ್ಲಿಸಿ ಇಳಿದು ನೋಡುವವಳು ನಾನು. ಹತ್ತಿ ಕುಳಿತ ಮೇಲೆ, ನೋಡಿದ್ದು ನಿಜವೋ ಸುಳ್ಳೋ ಎಂದು ಮತ್ತೊಮ್ಮೆ ಇಳಿಯುವವಳು. ನನ್ನ ಓದೂ ಅಷ್ಟಕ್ಕಷ್ಟೇ. ಪಂದ್ಯಗಳ ಕಾಲ ಬಂತೆಂದರೆ ಅಪ್ಪ ನಮ್ಮನ್ನೆಲ್ಲ ಟ್ರೇಲರಿಗೆ ತುಂಬಿಕೊಂಡು ಹೊರಡುತ್ತಿದ್ದ, ಶಾಲೆಯಲ್ಲಿ ದಶಮಾಂಶ ಕಲಿಸುವ ದಿನ ನಾನು ಸದಾ ಬೇರೆ ರಾಜ್ಯದಲ್ಲಿರುತ್ತಿದ್ದೆ. ಆದ್ದರಿಂದ ತಾವು ಸೊನ್ನೆಯ ಪಕ್ಕ ಚುಕ್ಕಿಯಿಟ್ಟು, ಚುಕ್ಕಿಯ ಪಕ್ಕ ಇನ್ನಷ್ಟು ಸೊನ್ನೆಯಿಟ್ಟು ತೋರಿಸಿದಾಗ ಎದುರು ಮಾತಾಡುವ ಯೋಗ್ಯತೆ ನನಗಿಲ್ಲ. ಕಾಗದ ಬರೆಯುವ ಯೋಗ್ಯತೆ ಹೇಗೋ ಉಳಿದಿದೆ.

ತಮ್ಮ ಕೆಲಸ ಎಷ್ಟು ಕಷ್ಟದ್ದೆಂದು ನನಗೆ ಗೊತ್ತು. ನಮ್ಮ ರಾಯ್ಸ್ ಓಡಿಸುವ ಕಾರಿನ ವರ್ಗದ ಹೆಸರೇ 'ಆಲ್ಕೋಹಾಲ್'. ಕಾರು ಕುಡಿಯುವುದು ಮೆಥನಾಲ್. ಅದೂ ಸಾರಾಯಿಯ ದಾಯಾದಿಯೇ, ಮನುಷ್ಯ ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಕಾರು ಬಕೆಟ್ಟುಗಟ್ಟಲೆ ಕುಡಿದು, ಅರಚಿಕೊಂಡು, ಹೊಗೆ ಕಾರಿಕೊಂಡು ಹೋದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಅದರ ಹೊಟ್ಟೆಯೊಳಗೆ ಕುಳಿತವನು ಮಾತ್ರ ಒಣಗಿರಬೇಕು. ಕಾರಿನ ಎರಡೂ ಪಕ್ಕೆಗೆ, ರಾಯ್ಸನ ಎದೆಗೆ, ನನ್ನ ಟೋಪಿಗೆ ಕೂಡ ಬಿಯರ್ ಕಂಪನಿಯವರ ನೊರೆಯುಕ್ಕುವ ಲೋಟದ ಚಿತ್ರವಿದೆ. ಗೆದ್ದವನ ತಲೆಯ ಮೇಲೆ ಬಿಯರ್ ಸುರಿಯುತ್ತಾರೆ, ಅವನು ತುಟಿ ಬಿಗಿಹಿಡಿದು ನಗಬೇಕು. ಇಷ್ಟರ ನಡುವೆ ನಿಂತು 'ಇಲ್ಲಿ ಯಾರಾದರೂ ಕುಡಿದಿದ್ದೀರಾ' ಎಂದು ಕೇಳುವುದೆಂದರೆ, ಕೆರೆಯಲ್ಲಿ ನಿಂತು ಯಾರ ಕಾಲು ಒದ್ದೆಯಾಗಿದೆ ಎಂದು ವಿಚಾರಣೆ ನಡೆಸಿದ ಹಾಗೆ. ಆ ಧೈರ್ಯಕ್ಕೆ ಮತ್ತೊಂದು ನಮಸ್ಕಾರ.

ನನ್ನ ಕೆಲಸ ಎರಡು. ಒಂದು, ರಾಯ್ಸ್ ಶುರುವಿನಲ್ಲಿ ಟಯರು ಕಾಯಿಸಲೆಂದು ಹೊಗೆಯೆಬ್ಬಿಸಿಕೊಂಡು ಮುಂದೆ ಹೋಗಿ ನಿಂತಾಗ, ಕಾರಿನೆದುರು ನಿಂತು ಕೈಸನ್ನೆ ಮಾಡಿ ಅವನನ್ನು ಅವನದೇ ಟಯರಿನ ಗುರುತಿನ ಮೇಲೆ ಹಿಂದಕ್ಕೆ ತರುವುದು. ಆಗ ಅವನಿಗೆ ಹಿಂದೆ ಏನೂ ಕಾಣುವುದಿಲ್ಲ, ಎಂಜಿನ್ನಿನ ಸದ್ದಿಗೆ ಏನೂ ಕೇಳುವುದಿಲ್ಲ, ನನ್ನ ಕೈ ಹೇಳಿದ್ದೇ ಅವನಿಗೆ ದಾರಿ. ಎರಡು, ಪ್ಯಾರಾಚೂಟ್ ಮಡಿಸುವುದು. ಗೆರೆ ದಾಟಿದ ಕೂಡಲೇ ಅವನು ಹಿಡಿ ಎಳೆಯಬೇಕು, ಹಿಂದೆ ಎರಡು ಪ್ಯಾರಾಚೂಟ್ ಅರಳಬೇಕು, ಕಾರು ನಿಲ್ಲಬೇಕು. ಎಳೆಯುವುದು ತಡವಾದರೆ ಮುಂದೆ ಮರಳಿನ ಗುಂಡಿ, ಅದರಾಚೆ ಬಲೆ, ಬಲೆಯಾಚೆ ಯಾರದೋ ಮೆಕ್ಕೆಜೋಳದ ಹೊಲ.

ಇನ್ನು ದೂರು. ತಾವು ನನ್ನ ತಮ್ಮನನ್ನು ಶಿಸ್ತಿನ ಕುಡುಕನನ್ನಾಗಿ ಮಾಡಿದ್ದೀರಿ. ತಾವು ಈ ಮೈದಾನಕ್ಕೆ ಬರುವ ಮೊದಲು ಅವನು ಮನಸ್ಸು ಬಂದಾಗ ಕುಡಿಯುತ್ತಿದ್ದ, ಮರುದಿನ ತಲೆ ಹಿಡಿದುಕೊಂಡು 'ಅಕ್ಕಾ, ಇವತ್ತು ನನ್ ಕೈಲಾಗಲ್ಲ ಕಣೇ' ಎಂದು ಒಪ್ಪಿಕೊಳ್ಳುತ್ತಿದ್ದ, ಒಮ್ಮೊಮ್ಮೆ ಪಂದ್ಯವನ್ನೇ ಬಿಡುತ್ತಿದ್ದ. ಈಗ ಹಾಗಿಲ್ಲ. ತಮ್ಮ ತಮ್ಮನಂತಿರುವ ಪುಟಾಣಿ ಉಸಿರು ಯಂತ್ರವೊಂದನ್ನು ತಂದು ಟ್ರೇಲರಿನ ಮೊಳೆಗೆ ನೇತುಹಾಕಿದ್ದಾನೆ. ಶನಿವಾರ ಓಟ ಮುಗಿದೊಡನೆ ಬರ್ಬನ್ ವಿಸ್ಕಿಯ ಸೀಸೆ ತೆಗೆಯುತ್ತಾನೆ, ಬೆಳಗಿನೊಳಗೆ ಉಸಿರಿನ ಅಮಲು ಇಳಿಯಲೆಂದು ಊಟದ ಹೊತ್ತಿಗೆ ಕುಡಿಯುವುದು ಮುಗಿಸಿ ಮುಚ್ಚಳ ಹಾಕುತ್ತಾನೆ, ಬೆಳಗ್ಗೆ ಎದ್ದು ಟಯರಿನ ಗಾಳಿ ನೋಡುವ ಹಾಗೆ ತನ್ನ ಗಾಳಿ ನೋಡಿಕೊಳ್ಳುತ್ತಾನೆ. ಸೊನ್ನೆ ಬಂದರೆ ಅವನ ಮುಖದಲ್ಲಿ ದೀಕ್ಷೆ ಪಡೆದವನ ಕಳೆ. ಕಾಫಿಯ ಲೋಟ ಎತ್ತುವಾಗ ಕೈ ನಡುಗಿ ಕಾಫಿ ಮೇಜಿನ ಮೇಲೆಲ್ಲ ಚೆಲ್ಲಿರುತ್ತದೆ, ಆದರೆ ಮೇಜನ್ನು ಯಾರೂ ತಪಾಸಣೆ ಮಾಡುವುದಿಲ್ಲವಲ್ಲ.

'ರಾಯ್ಸ್, ನಿನ್ ಕೈ ನೋಡ್ಕೋ' ಎಂದೆ ಒಂದು ದಿನ.

'ಮಶೀನ್ ನೋಡೇ, ಕೈ ಯಾಕ್ ನೋಡ್ತೀಯಾ' ಎಂದ. 'ಅದು ಸೊನ್ನೆ ಅಂದ್ಮೇಲೆ ಮುಗೀತು. ನೀನೇನು ಮಶೀನಿಗಿಂತ ದೊಡ್ಡೋಳಾ?'

'ನಿನಗಿಂತ ದೊಡ್ಡೋಳು ಕಣೋ. ಸೊಂಟದ ಮೇಲೆ ಹೊತ್ತು ಬೆಳೆಸಿದೀನಿ.'

'ಅದಕ್ಕೇ ನೋಡು, ಇನ್ನೂ ಇಳಿಸ್ತಾನೇ ಇಲ್ಲ!'

ಜೂನಿನಲ್ಲಿ ಪ್ಯಾರಾಚೂಟಿನ ಬಟ್ಟೆ ಒಗೆದ ಹಾಗೆ ಬರುತ್ತಿತ್ತು. ಜುಲೈಯಲ್ಲಿ ಮಡಿಸುವಾಗ ಅಂಚಿನಲ್ಲಿ ಮರಳು ಕೈಗೆ ಹತ್ತಿತು. ಆಗಸ್ಟಿನಲ್ಲಿ ಕೊಡವಿದರೆ ಮೇಜಿನ ಮೇಲೆ ಗುಡ್ಡೆ ಬಿತ್ತು. ಮರಳು ಇರುವುದು ಗುಂಡಿಯಲ್ಲಿ ಮಾತ್ರ, ಗುಂಡಿ ಇರುವುದು ಕೊನೆಯಲ್ಲಿ ಮಾತ್ರ. ರಾಯ್ಸನನ್ನು ಕೇಳಿದರೆ 'ಗಾಳಿಗೆ ಹಾರಿ ಬಂದಿರ್ತದೆ ಬಿಡೇ' ಎಂದ. ಶನಿವಾರ ಇವನು ಕುಡಿದರೆ ಮಾತ್ರ ಭಾನುವಾರ ಬೀಸುವ ಆ ಗಾಳಿ ಯಾವುದೋ ನನಗೆ ತಿಳಿಯದು. ಮರಳನ್ನು ಬಟ್ಟಲಲ್ಲಿ ತುಂಬಿಕೊಂಡು ತಮ್ಮನ್ನು ಹೊತ್ತು ತಿರುಗುವ ತಪಾಸಣಾಧಿಕಾರಿ ಮರ್ಲ್ ಓಡಮ್ ಅವರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ಕನ್ನಡಕ ಹಣೆಗೇರಿಸಿ ಬಟ್ಟಲನ್ನೇ ನೋಡಿದರು.

'ಇದನ್ನೇನ್ ಮಾಡ್ಲಿ ಲವೀನಾ? ಇದು ಊದಲ್ಲವಲ್ಲ.'

'ಅವನ ಕೈ ನಡುಗ್ತದೆ ಸಾರ್. ಲೇಟಾಗಿ ಎಳೀತಾನೆ.'

'ಸೊನ್ನೆ ಅಂದ್ರೆ ಸೊನ್ನೆ ಕಣಮ್ಮಾ. ಕೈ ನಡುಗೋದಕ್ಕೆ ನನ್ನತ್ರ ರೂಲ್ ಇಲ್ಲ. ರಾತ್ರಿ ಕುಡಿದಿದ್ದಕ್ಕೂ ಇಲ್ಲ. ಹೋಗು, ತಣ್ಣಗೆ ಏನಾದ್ರೂ ಕುಡಿ.' ಹೀಗೆಂದು ಅವರೇ ನಾಲಿಗೆ ಕಚ್ಚಿಕೊಂಡು, 'ನಿಂಬೆ ಪಾನಕ ಅಂದೆ' ಎಂದರು.

ಮೆಥನಾಲಿಗೆ ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಕಾಣುವುದಿಲ್ಲ ಸ್ವಾಮಿ. ಮನುಷ್ಯ ಸುಮ್ಮನೆ ಕುಣಿಯುತ್ತಿರುವಂತೆ ಕಾಣುತ್ತಾನೆ, ಗೊತ್ತಿದ್ದವರು ಮಾತ್ರ ನೀರು ತೆಗೆದುಕೊಂಡು ಓಡುತ್ತಾರೆ. ನನ್ನ ತಮ್ಮನಿಗೆ ಹತ್ತಿರುವುದು ಅಂಥ ಬೆಂಕಿ. ತಾವು ಕಣ್ಣಿಗೆ ಕಾಣುವ ಜ್ವಾಲೆಯನ್ನಷ್ಟೇ ಅಳೆಯುತ್ತೀರಿ.

ಕಳೆದ ಭಾನುವಾರದ ಪಂದ್ಯದಲ್ಲಿ ನಾವು ಸೆಮಿಫೈನಲ್ ತಲುಪಿದ್ದೆವು. ಬೆಳಗ್ಗೆ ತಾವು ಎಂದಿನಂತೆ ರಾಯ್ಸನಿಗೆ ಸೊನ್ನೆ ಪ್ರಸಾದ ಕೊಟ್ಟಿದ್ದಿರಿ. ಹೊಗೆಯೆಬ್ಬಿಸಿ ಮುಂದೆ ಹೋಗಿ ನಿಂತವನನ್ನು ನಾನು ಹಿಂದಕ್ಕೆ ಕರೆಯುತ್ತಿದ್ದೆ. ಎಡಕ್ಕೆ ಎಂದರೆ ಬಲಕ್ಕೆ ಬಂದ. ಮತ್ತೆ ಎಡಕ್ಕೆ ಎಂದೆ, ಮತ್ತೆ ಬಲಕ್ಕೆ ಬಂದ. ಸ್ಟೀರಿಂಗ್ ಮೇಲಿದ್ದ ಅವನ ಕೈಗವಸು ಬೆಳಗಿನ ಕಾಫಿ ಲೋಟದ ಹಾಗೆಯೇ ಅಲುಗುತ್ತಿತ್ತು. ನನಗೆ ಮರಳಿನ ಬಟ್ಟಲು ಕಂಡಿತು, ಬಲೆ ಕಂಡಿತು, ಹೊಲ ಕಂಡಿತು. ಕತ್ತಿನ ಅಡ್ಡಕ್ಕೆ ಕೈ ಎಳೆದೆ. ಎಂಜಿನ್ ಆರಿಸು ಎನ್ನುವುದಕ್ಕೆ ನಮ್ಮಲ್ಲಿ ಅದೇ ಸನ್ನೆ. ಅಷ್ಟು ಜನರೆದುರು, ಸೆಮಿಫೈನಲ್ಲಿನಲ್ಲಿ, ಏನೂ ಕೆಟ್ಟಿರದ ಕಾರನ್ನು ಅವನು ಆರಿಸಿದ. ನಡುಗುವ ಕೈಯೇ ಆದರೂ ಅಕ್ಕನ ಕೈ ಹೇಳಿದ್ದನ್ನು ಕೇಳಿತು. ಎದುರಾಳಿ ಒಬ್ಬನೇ ಓಡಿ ಗೆದ್ದ.

ಓಡಮ್ ಓಡಿ ಬಂದರು. 'ಏನಾಯ್ತು? ಎಣ್ಣೆ ಸೋರ್ತಿತ್ತಾ?'

'ಹೌದು ಸಾರ್, ಕಾರಿಂದಲ್ಲ' ಎಂದೆ.

ರಾಯ್ಸ್ ಹೆಲ್ಮೆಟ್ ಕಿತ್ತು ಬಿಸಾಡಿದ. 'ಇವಳಿಗೇನೋ ಆಗಿದೆ! ಮೊದ್ಲು ಇವಳನ್ನ ಊದಿಸ್ರೀ!'

ಊದಿಸಿದರು. ಮಾನ್ಯರೇ, ನಾನು ಹುಟ್ಟಿದಾಗಿನಿಂದ ಒಂದು ಗುಟುಕು ಕುಡಿದವಳಲ್ಲ. ನಮ್ಮ ಚರ್ಚಿನಲ್ಲಿ ಪ್ರಭುಭೋಜನಕ್ಕೂ ವೈನ್ ಇಲ್ಲ, ಬರೀ ದ್ರಾಕ್ಷಿರಸ. ಆದರೆ ಆ ಬೆಳಗ್ಗೆ ಕಾರಿಗೆ ಮೆಥನಾಲ್ ಸುರಿದವಳು ನಾನು, ತುಳುಕಿದ್ದನ್ನು ಒರೆಸಿದವಳು ನಾನು, ಒರೆಸಿದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡಿದ್ದವಳೂ ನಾನು. ತಾವು ನನ್ನ ಉಸಿರು ಮುಟ್ಟಿದ್ದೇ ತಡ, ಕಳ್ಳನನ್ನು ಹಿಡಿದ ನಾಯಿಯ ಹಾಗೆ ಕೂಗಿದಿರಿ. ಕಾಲು ಗಂಟೆ ಬಿಟ್ಟು ಮತ್ತೆ ಊದಿಸುವುದು ನಿಯಮವಂತೆ. ಬಿಸಿಲಿಗೆ ನಿಲ್ಲಲಾರದೆ ನಾನು ಬದಿ ತೆರೆದ ನಮ್ಮ ಡೇರೆಯಲ್ಲಿ ನೆರಳಿದ್ದ ಒಂದೇ ಒಂದು ಜಾಗದಲ್ಲಿ, ಅಂದರೆ ಮೆಥನಾಲಿನ ಪೀಪಾಯಿಯ ಪಕ್ಕ, ಅದರ ಮುಚ್ಚಳವನ್ನು ಮೊಣಕೈಗೆ ಆಸರೆ ಮಾಡಿಕೊಂಡು, ಪೀಪಾಯಿಯ ಆವಿಯನ್ನೇ ಉಸಿರಾಡುತ್ತ ಕುರ್ಚಿಯಲ್ಲಿ ಕುಳಿತೆ. ಎರಡನೇ ಸಲ ತಾವು ಮೊದಲಿಗಿಂತಲೂ ಜೋರಾಗಿ ಕೂಗಿದಿರಿ.

'ಏನ್ ಲವೀನಾ, ಮಧ್ಯದಲ್ಲಿ ಇನ್ನೊಂದು ಹಾಕ್ಕೊಂಡು ಬಂದ್ಯಾ?' ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ರಾಯ್ಸ್ ಎಲ್ಲರಿಗಿಂತ ಹೆಚ್ಚು ನಕ್ಕ.

ಹೀಗೆ ತಮ್ಮ ಕೃಪೆಯಿಂದ, ಪ್ರೂಯಿಟ್ ಮನೆತನದಲ್ಲಿ ತಮ್ಮ ಪಾನನಿರೋಧಿ, ಅಕ್ಕ ಕುಡುಕಿ. ನನ್ನ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದಾರೆ, ವರದಿ ಬರಲು ತಿಂಗಳಾದೀತು. ಅಲ್ಲಿಯವರೆಗೆ ನಾನು ಶುರುವಿನ ಗೆರೆಯ ಹತ್ತಿರ ಸುಳಿಯುವಂತಿಲ್ಲ. ಆ ಸೋಲು ಆ ಪಂದ್ಯಕ್ಕಷ್ಟೇ, ಈ ವರ್ಷದ ಕೊನೆಯ ಪಂದ್ಯ ಇದೇ ಮೈದಾನದಲ್ಲಿ, ಬರುವ ಭಾನುವಾರ. ಕಾರಿನೆದುರು ನಿಲ್ಲಲು ರಾಯ್ಸ್ ಯಾರನ್ನೋ ಗೊತ್ತುಮಾಡಿದ್ದಾನೆ. ಒಳ್ಳೆಯವನೇ, ಆದರೆ ಅವನು ಟಯರು ನೋಡುತ್ತಾನೆ, ಕೈಗವಸು ನೋಡುವುದಿಲ್ಲ. ಪ್ಯಾರಾಚೂಟನ್ನು ನಾನೇ ಮಡಿಸಿಟ್ಟಿದ್ದೇನೆ, ಬಿಚ್ಚಿ ಮತ್ತೆ ಮಡಿಸಿದ್ದೇನೆ, ಅದರಲ್ಲಿ ಒಂದು ಸುಕ್ಕಿಲ್ಲ. ಎಳೆಯುವ ಕೈಯನ್ನು ಮಡಿಸಿಡಲು ನನಗೆ ಬರುವುದಿಲ್ಲ.

ಆದಕಾರಣ ಸವಿನಯ ವಿಜ್ಞಾಪನೆಗಳು. ತಾವು ಇನ್ನು ಮುಂದೆ ಬಾಯಿಯ ಬದಲು ಕಾಫಿ ಲೋಟವನ್ನು ಊದಿಸಿಕೊಳ್ಳಬೇಕು. ಭಾನುವಾರ ಬೆಳಗ್ಗೆ ಶನಿವಾರ ಸಂಜೆಯ ಉಸಿರನ್ನು ಕೇಳಿ ಪಡೆಯಬೇಕು. ಕಾರು ಕುಡಿದದ್ದು ಯಾವುದು, ಮನುಷ್ಯ ಕುಡಿದದ್ದು ಯಾವುದು ಎಂದು ಮೂಸಿ ಹೇಳುವುದನ್ನು ಯಾವುದಾದರೂ ಬೀದಿನಾಯಿಯ ಹತ್ತಿರ ಕಲಿಯಬೇಕು. ಇವೆಲ್ಲ ತಮ್ಮ ಘನತೆಗೆ ಮೀರಿದವಾದರೆ, ಒಂದೇ ಒಂದು ಮಾಡಿ ಸಾಕು: ನನ್ನ ಮೇಲೆ ಎರಡು ಬಾರಿ ಹೇಳಿದ ಸುಳ್ಳನ್ನು ರಾಯ್ಸನ ಮೇಲೆ ಒಂದೇ ಬಾರಿ ಹೇಳಿ. ಅವನ ಓಟದ ಪರವಾನಗಿ ಹೋಗಬಹುದು, ಬಿಯರ್ ಕಂಪನಿಯವರು ಕೈಬಿಡಬಹುದು, ಅವನು ನನ್ನ ಜೊತೆ ಮಾತು ಬಿಡಬಹುದು. ಮಾತು ಬಿಟ್ಟರೂ ನನ್ನ ತಮ್ಮ ಮನೆಯಲ್ಲಾದರೂ ಇರುತ್ತಾನೆ. ತಮ್ಮ ಹತ್ತಿರ ಸೊನ್ನೆಗಳು ಬೇಕಾದಷ್ಟಿವೆ, ನನ್ನ ಹತ್ತಿರ ತಮ್ಮ ಒಬ್ಬನೇ.

ಈ ಕಾಗದವನ್ನು ಮೈದಾನದ ತಿಂಡಿಗಾಡಿಯ ಗೋಡೆಗೆ ಅಂಟಿಸುತ್ತಿದ್ದೇನೆ, ಹಂದಿಮಾಂಸದ ಸ್ಯಾಂಡ್‌ವಿಚ್ಚಿಗೆ ಕಾಯುವವರೆಲ್ಲ ಓದಿಕೊಳ್ಳಲಿ. ರಾಯ್ಸ್ ಓದಿಯಾನೆಂಬ ಭಯವಿಲ್ಲ, ಅವನು ಆ ಗೋಡೆಯ ಮೇಲೆ ಸ್ಯಾಂಡ್‌ವಿಚ್ಚಿನ ಬೆಲೆ ಬಿಟ್ಟು ಬೇರೇನನ್ನೂ ಓದಿದವನಲ್ಲ.

ತಮಗೆ ತುಂಬು ಮನಸ್ಸಿನಿಂದ ಎರಡು ಸಲ ಊದಿದ,
ತಮ್ಮ ವಿಶ್ವಾಸಿ,
ಲವೀನಾ ಪ್ರೂಯಿಟ್
(ತಮ್ಮ ಲೆಕ್ಕದಲ್ಲಿ ಇನ್ನೂ ಅಮಲಿನಲ್ಲಿರುವವಳು)

ಮರೆತ ಮಾತು: ಕಳೆದ ವಾರದ ಗಲಾಟೆಯ ಕಾರಣ, ಭಾನುವಾರ ಬೆಳಗ್ಗೆ ತಮ್ಮನ್ನು ನಮ್ಮ ಡೇರೆಗೇ ಹೊತ್ತು ತಂದು ರಾಯ್ಸನನ್ನು ಊದಿಸುವುದಾಗಿ ಓಡಮ್ ಅವರು ಹೇಳಿದ್ದಾರೆ. ಸಂತೋಷ. ತಾವು ಬರುವವರೆಗೆ ನನ್ನ ತಮ್ಮ ಬಿಸಿಲಲ್ಲಿ ನಿಲ್ಲಬಾರದೆಂದು ಅವನ ಕುರ್ಚಿಯನ್ನು ನೆರಳಿನ ಜಾಗಕ್ಕೆ ಹಾಕಿಸಿದ್ದೇನೆ, ನೆರಳಿರುವುದು ಎಲ್ಲಿ ಎಂದು ಮೇಲೆ ಬರೆದಿದ್ದೇನೆ. ಕಳೆದ ವಾರ ನನ್ನ ಹೆಗಲ ಮೇಲಿದ್ದ ಒರೆಸುವ ಬಟ್ಟೆಯೂ ಕುರ್ಚಿಯ ಬೆನ್ನಿಗೇ ಇದೆ, ಬೆವರು ಒರೆಸಿಕೊಳ್ಳಲಿ ಎಂದು. ಆ ದಿನ ಅವನಿಗೆ ಸೊನ್ನೆ ಬಾರದೆ, ತಾವು ಕೂಗಿ, ಅವನ ಕುರ್ಚಿ ಎಲ್ಲಿತ್ತೆಂದು ಯಾರಾದರೂ ವಿಚಾರಣೆ ಎತ್ತಿದರೆ, ದಯವಿಟ್ಟು ಅದಕ್ಕೂ ಮೊದಲು, ಕಳೆದ ಭಾನುವಾರ ನನ್ನ ಕುರ್ಚಿ ಎಲ್ಲಿತ್ತೆಂಬುದನ್ನು ಇನ್ನೊಮ್ಮೆ ನೋಡಿ.