ಸೀಟ್ ಬೆಲ್ಟ್ ಹಾಕಿಕೊಂಡ ಅವರೆಕಾಯಿ

ಕಾರು ಇಟ್ಟುಕೊಂಡವರನ್ನು ಕಂಡು ಹೊಟ್ಟೆಕಿಚ್ಚು ಪಡುವವರು ಇನ್ನೂ ಇದ್ದರೆ, ದಯವಿಟ್ಟು ಒಂದು ದಿನ ಬೆಳಿಗ್ಗೆ ಚನ್ನಪಟ್ಟಣದ ನಮ್ಮ ಮನೆಯ ಮುಂದೆ ಬಂದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಕಾರಿನ ಗಾಜು ಒರೆಸುತ್ತಿರುತ್ತೇನೆ. ನನ್ನ ಹೆಂಡತಿ ಸುಮಿತ್ರ ಟಿಫನ್ ಬಾಕ್ಸಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಬಂದು, ಬೀದಿಯಲ್ಲಿ ಅಡ್ಡ ಮಲಗಿದ ಎಮ್ಮೆಯನ್ನು ಬಳಸಿಕೊಂಡು ಹೋಗುವ ಹಾಗೆ ಕಾರನ್ನು ಬಳಸಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಡುತ್ತಾಳೆ. ಅವಳು ರಾಮನಗರದ ಒಂದು ಶಾಲೆಯಲ್ಲಿ ಟೀಚರು. ನಾನು ಅದೇ ರಾಮನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಇಬ್ಬರೂ ಹೊರಡುವುದು ಒಂದೇ ಹೊತ್ತಿಗೆ, ಹೋಗುವುದು ಒಂದೇ ಊರಿಗೆ, ಒಂದೇ ರಸ್ತೆಯಲ್ಲಿ. ಅವಳು ಬಸ್ಸಿನಲ್ಲಿ, ನಾನು ಕಾರಿನಲ್ಲಿ. ಗಂಡಹೆಂಡಿರಿಗೆ ಏನಾದರೂ ಮನಸ್ತಾಪವೇ ಎಂದು ಎದುರುಮನೆಯವರು ಒಮ್ಮೆ ಮೆಲ್ಲಗೆ ಕೇಳಿಯೂ ಕೇಳಿದರು. ಮನಸ್ತಾಪವಿದ್ದಿದ್ದರೆ ಹೇಗೋ ರಾಜಿ ಮಾಡಿಕೊಳ್ಳಬಹುದಿತ್ತು. ಅವಳಿಗೆ ನನ್ನ ಮೇಲೆ ಸಿಟ್ಟೇನೂ ಇಲ್ಲ, ನನ್ನ ಕಾರಿನಲ್ಲಿ ಕೂರಲು ಇಷ್ಟವಿಲ್ಲ, ಅಷ್ಟೆ. ಆ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಊರವರ ಕಣ್ಣೆದುರು ಒಂದು ದಿನವಾದರೂ ರಾಮನಗರಕ್ಕೆ ಹೋಗಿಬರಬೇಕೆಂಬುದು ಈ ವಯಸ್ಸಿನಲ್ಲಿ ನನಗೆ ಉಳಿದಿರುವ ದೊಡ್ಡ ಆಸೆ ಎಂದರೆ ನೀವು ನಗಬಾರದು.

ಕಾರು ಕೊಂಡದ್ದು ಷೋಕಿಗಲ್ಲ, ಸಿಟ್ಟಿಗೆ. ವರ್ಷಗಟ್ಟಲೆ ನಾನೂ ಬಸ್ಸಿನಲ್ಲೇ ಹೋಗಿ ಬಂದವನು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮಂಥವರ ಪಾಡು ಹೇಳತೀರದಾಯಿತು. ಟಿಕೆಟ್ಟು ಕೊಂಡವನು ಕಂಬಿ ಹಿಡಿದು ನೇತಾಡುತ್ತಾನೆ, ಕೊಳ್ಳದವರು ಕೂತು ಹೂ ಕಟ್ಟುತ್ತಾರೆ. ಇದನ್ನು ಮನೆಯಲ್ಲಿ ಹೇಳಿಕೊಂಡರೆ ಸುಮಿತ್ರ, "ಇಷ್ಟು ವರ್ಷ ನೀವು ಕೂತಿದ್ರಿ, ನಾವು ನಿಂತಿದ್ವಿ. ಆಗ ನಿಮ್ಗೆ ಕಾಲು ನೋವು ಅನ್ನೋದೊಂದಿದೆ ಅಂತ ನೆನಪಾಗ್ಲಿಲ್ವಾ?" ಎಂದಳು. ಹೆಂಡತಿಗೆ ಕೊಡಲು ಉತ್ತರ ಹೊಳೆಯದಿದ್ದಾಗ ಗಂಡಸು ಏನಾದರೊಂದು ಖರೀದಿ ಮಾಡಿಬಿಡುತ್ತಾನೆ. ಅದೂ ಅಲ್ಲದೆ ಬೆಂಗಳೂರು–ಮೈಸೂರಿನ ದೊಡ್ಡ ರಸ್ತೆ ಆಗತಾನೆ ನಮ್ಮ ಊರುಗಳನ್ನು ಮುಟ್ಟದೆ ಹೊರಗಿನಿಂದಲೇ ಹೋಗಿತ್ತು. ಇನ್ನು ಹಳೇ ರಸ್ತೆ ಖಾಲಿ ಹೊಡೆಯುತ್ತದೆ, ಆರಾಮಾಗಿ ಓಡಾಡಬಹುದು ಎಂದು ಎಲ್ಲರೂ ಹೇಳಿದರು. ನಾನು ನಂಬಿ ಕಾರು ಕೊಂಡೆ. ಹೇಳಿದವರೂ ತಮ್ಮ ಮಾತನ್ನು ತಾವೇ ನಂಬಿ ಕಾರು ಕೊಂಡರು. ಈಗ ನಾವೆಲ್ಲ ಆ ಖಾಲಿ ರಸ್ತೆಯ ಮೇಲೆ ಒಬ್ಬರ ಹಿಂದೊಬ್ಬರು ನಿಂತಿದ್ದೇವೆ.

ಒಮ್ಮೆ ರೋಸಿಹೋಗಿ ರಾಮನಗರದಿಂದ ವಾಪಸ್ ಬರುವಾಗ ಆ ದೊಡ್ಡ ರಸ್ತೆಯನ್ನೇ ಹತ್ತಿದೆ. ಹತ್ತುವುದಕ್ಕೆ ವಿದ್ಯೆ ಬೇಡ, ಇಳಿಯುವುದಕ್ಕೆ ಬೇಕು. ಇಳಿಯುವ ದಾರಿ ಬಂತೆಂದು ನನಗೆ ತಿಳಿಯುವಷ್ಟರಲ್ಲಿ ಅದು ಬಂದು ಹೋಗಿಯಾಗಿತ್ತು. ನನ್ನ ಸ್ವಂತ ಊರು, ನೀರಿನ ಟ್ಯಾಂಕಿನ ಸಮೇತ, ಕಣ್ಣೆದುರೇ ಹಿಂದಕ್ಕೆ ಸರಿಯಿತು. ಮದ್ದೂರಿನ ಹತ್ತಿರ ಇಳಿದು, ಹೇಗೂ ಬಂದದ್ದಾಯಿತೆಂದು ಒಂದು ಪೊಟ್ಟಣ ವಡೆ ಕಟ್ಟಿಸಿಕೊಂಡು, ತಿರುಗಿ ಮನೆಗೆ ಬರುವ ಹೊತ್ತಿಗೆ ಬಸ್ಸಿನಲ್ಲಿ ಬಂದ ಸುಮಿತ್ರ ಅಡುಗೆ ಮುಗಿಸಿ ಕೂತಿದ್ದಳು. "ಆಫೀಸಲ್ಲಿ ಕೆಲಸ ಜಾಸ್ತಿ" ಎಂದೆ. ಅವಳು ವಡೆಯ ಪೊಟ್ಟಣವನ್ನು ನೋಡಿದಳೇ ಹೊರತು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹಾಗೆಂದು ಅವಳು ಕಾರು ಹತ್ತಿಯೇ ಇಲ್ಲ ಎಂದಲ್ಲ. ಕಾರು ಬಂದ ವಾರದಲ್ಲಿ ದೊಡ್ಡಮಳೂರಿನ ದೇವಸ್ಥಾನಕ್ಕೆ ಪೂಜೆ ಮಾಡಿಸಲು ಹೋದಾಗ ಮುಂದಿನ ಸೀಟಿನಲ್ಲೇ ಕೂತಿದ್ದಳು. ಬಾಗಿಲು ಮೆಲ್ಲಗೆ ಹಾಕು, ಚಪ್ಪಲಿ ಕೊಡವಿಕೊಂಡು ಹತ್ತು, ಕುಂಕುಮದ ಕೈಯಲ್ಲಿ ಸೀಟು ಮುಟ್ಟಬೇಡ ಎಂದು ನಾನು ಸಹಜವಾಗಿಯೇ ಹೇಳಿದೆ. ದಾರಿಯಲ್ಲಿ ಅಡ್ಡ ಬಂದ ಬೈಕಿನವನಿಗೆ, ದಾರಿ ಬಿಡದ ಟ್ರ್ಯಾಕ್ಟರಿನವನಿಗೆ, ನಡುರಸ್ತೆಯಲ್ಲಿ ನಿಂತು ನೆಂಟರ ಕ್ಷೇಮ ವಿಚಾರಿಸುತ್ತಿದ್ದ ಒಬ್ಬ ಹಿರಿಯರಿಗೆ ನಾಲ್ಕು ಮಾತು ಅಂದದ್ದೂ ನಿಜ. ಅಂಥ ಮಾತುಗಳು ನನಗೆ ಗೊತ್ತಿವೆ ಎಂಬುದು ನನಗೇ ಆವತ್ತು ತಿಳಿದದ್ದು. ಮಡಿಲಲ್ಲಿ ಪ್ರಸಾದ ಇಟ್ಟುಕೊಂಡಿದ್ದ ಸುಮಿತ್ರ ಮನೆಯ ಮುಂದೆ ಇಳಿದು ಬಾಗಿಲು ಮೆಲ್ಲಗೆ ಹಾಕಿದಳು. ಆಮೇಲೆ ಹೇಳಿದಳು: "ರೀ, ನೀವು ಮನುಷ್ಯರು ಒಳ್ಳೇವ್ರೇ. ಸ್ಟೀರಿಂಗ್ ಹಿಡಿದ್ರೆ ಮಾತ್ರ ಅದ್ಯಾರೋ ಇನ್ನೊಬ್ರು ಬಂದು ಕೂತ್ಕಂಬುಡ್ತಾರೆ. ಅವ್ರ ಪರಿಚಯ ನಂಗಿಲ್ಲ. ನಾನು ಬಸ್ಸಲ್ಲೇ ಬತ್ತೀನಿ."

ಆ ಇನ್ನೊಬ್ಬರ ಪರವಾಗಿ ನಾನು ಸ್ವಲ್ಪ ವಾದ ಮಾಡಲೇಬೇಕು. ನಮ್ಮೂರಿನ ರಸ್ತೆಯಲ್ಲಿ ಕಾರು ಓಡಿಸಿ ಶಾಂತವಾಗಿರುವವನು ಒಂದೋ ಸನ್ಯಾಸಿಯಾಗಿರಬೇಕು, ಇಲ್ಲವೇ ಕಿವುಡನಾಗಿರಬೇಕು. ಬೇಕರಿಯಲ್ಲಿ ಒಂದು ಬನ್ನು ತಿನ್ನುವುದಕ್ಕೆ ಅರ್ಧ ರಸ್ತೆಗೆ ಬೈಕು ಅಡ್ಡ ನಿಲ್ಲಿಸುವವರು, ರೇಷ್ಮೆಗೂಡಿನ ಚೀಲ ತುಂಬಿದ ಟೆಂಪೋವನ್ನು ರಿವರ್ಸಿನಲ್ಲೇ ಊರಿಡೀ ಸುತ್ತಿಸುವವರು, ಎಡಕ್ಕೆ ಕೈ ತೋರಿಸಿ ಬಲಕ್ಕೆ ತಿರುಗುವ ಆಟೋದವರು, ಇವರೆಲ್ಲರ ನಡುವೆ ನಾನೊಬ್ಬ. ಇಷ್ಟು ಸಾಲದೆಂಬಂತೆ ನಮ್ಮ ಬೀದಿಯ ಬೊಂಬೆ ಕೆಲಸದ ನಜೀರ್ ಸಾಹೇಬರು ಕ್ಯಾರಿಯರ್ ತುಂಬ ಬಣ್ಣದ ಬೊಂಬೆಗಳ ಚೀಲ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುತ್ತಾರೆ. ಜಾಮಿನಲ್ಲಿ ಸಿಕ್ಕಿಕೊಂಡ ನನ್ನ ಕಿಟಕಿಯ ಪಕ್ಕ ಒಂದು ಕಾಲು ಊರಿ, "ಏನ್ ಸಾರ್, ಆರಾಮಾ?" ಎನ್ನುತ್ತಾರೆ. ಅಂಗಡಿಗೆ ಹೋಗಿ ಬೊಂಬೆ ಇಳಿಸಿ, ಟೀ ಕುಡಿದು, ಖಾಲಿ ಕ್ಯಾರಿಯರಿನಲ್ಲಿ ವಾಪಸ್ ಬರುವಾಗಲೂ ನಾನು ಅಲ್ಲೇ ಇರುತ್ತೇನೆ. "ಕಾರ್ ಬೋ ಚೆನ್ನಾಗೈತೆ ಸಾರ್. ಓಡೋ ಕಾರ್‌ನ ಇಷ್ಟು ನಿಧಾನವಾಗಿ ನೋಡಕ್ಕಾಗಲ್ಲ" ಎಂದು ಹೊಗಳಿ ಹೋಗುತ್ತಾರೆ. ಆ ಸೈಕಲ್ಲು ಮೊದಲು ನನ್ನದೇ ಆಗಿತ್ತು. ಕಾರು ನಿಲ್ಲಿಸಲು ಜಾಗ ಸಾಲದೆಂದು ನಾನೇ ಅದನ್ನು ಅವರಿಗೆ ಕೊಟ್ಟಿದ್ದೆ.

ಇನ್ನು ಸುಮಿತ್ರಳ ಬಸ್ಸಿನ ವಿಷಯ. ಅದು ಬಸ್ಸಲ್ಲ, ಇನ್ನೊಂದು ಮನೆ. ಸಂಜೆ ರಾಮನಗರದ ಸ್ಟ್ಯಾಂಡಿಗೆ ಬಸ್ಸು ಬಂದು ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಕಿಟಕಿಗಳಿಂದ ಕರ್ಚೀಫು, ಚೀಲ, ವೇಲು ಒಳಗೆ ಬೀಳುತ್ತವೆ. ಚೀಲ ಬಿದ್ದ ಸೀಟು ಚೀಲದವರದ್ದು. ಎಷ್ಟೇ ನೂಕುನುಗ್ಗಲಿದ್ದರೂ ಅವರು ಹಿಂದಿನಿಂದ ಬಂದು ಕೂತೇ ಕೂರುತ್ತಾರೆ, ಇದನ್ನು ಪ್ರಶ್ನಿಸುವ ಧೈರ್ಯ ಕಂಡಕ್ಟರಿಗೂ ಇಲ್ಲ. ಕೋರ್ಟಿನಲ್ಲಿ ಅಟೆಂಡರ್ ಆಗಿರುವ ಜಯಮ್ಮ, ಆಸ್ಪತ್ರೆಯ ನರ್ಸ್ ಶಬಾನಾ, ನನ್ನ ಹೆಂಡತಿ, ಇವರೆಲ್ಲ ಅಕ್ಕಪಕ್ಕ, ಹಿಂದೆ ಮುಂದೆ ಕೂತರೆ ಲೋಕದ ಸಂಗತಿಯೆಲ್ಲ ತೀರ್ಮಾನವಾಗುತ್ತದೆ. ಚಳಿಗಾಲ ಬಂತೆಂದರೆ ಕೇಳುವುದೇ ಬೇಡ. ಮಾಗಡಿ ಕಡೆಯಿಂದ ಸೊಗಡಿನ ಅವರೆಕಾಯಿ ಬಂದು ರಾಮನಗರದ ಮಾರ್ಕೆಟ್ಟಿನಲ್ಲಿ ಗುಡ್ಡೆ ಬಿದ್ದಿರುತ್ತದೆ. ಸಂಜೆ ಒಂದೊಂದು ದಿನ ಒಬ್ಬೊಬ್ಬರು ಒಂದು ಚೀಲ ಕೊಂಡು ಬಸ್ಸು ಹತ್ತುತ್ತಾರೆ. ಎಲ್ಲರ ಕೈ ಸೇರಿ ಚನ್ನಪಟ್ಟಣ ಬರುವಷ್ಟರಲ್ಲಿ ಕಾಯಿ ಕಾಳಾಗಿರುತ್ತದೆ. ಸಿಪ್ಪೆ ಜಯಮ್ಮನ ಹಸುವಿಗೆ. ಮನೆಗೆ ಬಂದು ಕಾಳು ನೆನೆಹಾಕಿದರೆ ಮಾರನೆಯ ದಿನ ಹಿತಕಿದ ಬೇಳೆ ಸಾರು. "ನಿಮ್ ಕಾರಲ್ಲಿ ಒಬ್ಳೇ ಕೂತು ಎಷ್ಟು ಸುಲೀಲಿ ಹೇಳಿ" ಎಂಬುದು ಸುಮಿತ್ರಳ ವಾದ. ನನ್ನ ಕಾರಿನಲ್ಲಿ ಅವರೆಕಾಯಿ ಸುಲಿಯಲು ನಾನು ಬಿಡುತ್ತೇನೆ ಎಂದುಕೊಂಡಿದ್ದಾಳಲ್ಲ ಎಂದು ನನಗೆ ಇನ್ನಷ್ಟು ಉರಿಯಿತು.

ಹೋದ ತಿಂಗಳು ಒಂದು ಸಂಜೆ ದೇವರು ಕಣ್ಣು ಬಿಟ್ಟ. ರಾಮನಗರ ದಾಟುವ ಮೊದಲೇ ಅವರ ಬಸ್ಸು ಕೆಟ್ಟು ನಿಂತಿತ್ತು. ರಸ್ತೆಯ ಅಂಚಿನಲ್ಲಿ ಸುಮಿತ್ರ ತುಂಬಿದ ಅವರೆಕಾಯಿ ಚೀಲದ ಪಕ್ಕ ನಿಂತಿದ್ದಳು. ಇನ್ನೊಬ್ಬರ ಬಸ್ಸು ಕೆಟ್ಟಿದ್ದಕ್ಕೆ ಅಷ್ಟು ಸಂತೋಷ ಪಟ್ಟವನು ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ. ಕಾರು ನಿಲ್ಲಿಸಿ, ಒಳಗಿನಿಂದಲೇ ಕೈ ಚಾಚಿ ಮುಂದಿನ ಬಾಗಿಲು ತೆಗೆದು, ಮದುವೆ ಗಂಡಿನ ಹಾಗೆ ನಕ್ಕೆ. ಸುಮಿತ್ರ ನನ್ನನ್ನು ನೋಡಿದಳು, ಪಕ್ಕದಲ್ಲಿದ್ದ ಜಯಮ್ಮ, ಶಬಾನಾರನ್ನು ನೋಡಿದಳು, "ಇವರೂ ಬರ್ತಾರೆ" ಎಂದಳು. "ಬನ್ನಿ, ಬನ್ನಿ" ಎನ್ನದೆ ವಿಧಿಯಿರಲಿಲ್ಲ. ಅವರಿಬ್ಬರೂ ಹಿಂದಿನ ಸೀಟಿಗೆ ನುಗ್ಗಿದರು. "ಟೀಚರಮ್ಮ, ನೀವ್ ಮುಂದ್ಗಡೆ ಕೂತ್ಕಳಿ" ಎಂದು ಜಯಮ್ಮ ಧರ್ಮಕ್ಕೆ ಒಂದು ಮಾತು ಹೇಳಿದರು. "ಮುಂದೆ ಕೂತು ಹಿಂದಕ್ಕೆ ತಿರುಗಿ ಸುಲಿಯೋಕಾಗುತ್ತಾ ಜಯಕ್ಕ? ಒಸಿ ಸರ್ಕಳಿ" ಎಂದು ಸುಮಿತ್ರ ಅವರ ನಡುವೆಯೇ ಸೇರಿಕೊಂಡಳು. ಚೀಲ ಮಾತ್ರ ಹಿಂದೆ ಹಿಡಿಸಲಿಲ್ಲ. ಒಂದೆರಡು ಬೊಗಸೆ ಮಡಿಲಿಗೆ ಸುರಿದುಕೊಂಡು, ಉಳಿದದ್ದನ್ನು ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು.

ಹೊರಟ ಕೂಡಲೇ ಕಾರು ಟೀಂ ಟೀಂ ಎಂದು ಬಡಿದುಕೊಳ್ಳಲು ಶುರುಮಾಡಿತು. ಮುಂದಿನ ಸೀಟಿನಲ್ಲಿ ಭಾರವಿದೆ, ಬೆಲ್ಟು ಹಾಕಿಲ್ಲ ಎಂಬುದು ಅದರ ದೂರು. ಕೊನೆಗೆ ಪಕ್ಕಕ್ಕೆ ನಿಲ್ಲಿಸಿ ಅವರೆಕಾಯಿಗೆ ಬೆಲ್ಟು ಹಾಕಿದೆ. ಹಿಂದಿನಿಂದ ನಗು ಕೇಳಿಸಿತು. "ನೋಡ್ರೇ, ಸಾರ್ ಅವರೆಕಾಯ್ನ ಎಷ್ಟು ಜ್ವಾಪಾನವಾಗಿ ಕರ್ಕಂಡೋಯ್ತಾವ್ರೆ" ಎಂದರು ಜಯಮ್ಮ. ಇಷ್ಟು ದಿನ ಯಾವ ಸೀಟನ್ನು ಹೆಂಡತಿಗೆಂದು ಒರೆಸಿ ಕಾಯ್ದಿರಿಸಿದ್ದೆನೋ ಅದರಲ್ಲಿ ಮಾಗಡಿಯ ಅವರೆಕಾಯಿ ಬೆಲ್ಟು ಹಾಕಿಕೊಂಡು ಠೀವಿಯಿಂದ ಕೂತಿತ್ತು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಆದರೂ ತಡೆದುಕೊಂಡೆ. ಸಿಪ್ಪೆಯೊಂದು ಹೊಸ ಮ್ಯಾಟಿನ ಮೇಲೆ ಬಿದ್ದದ್ದನ್ನು ಕನ್ನಡಿಯಲ್ಲಿ ನೋಡಿಯೂ ತಡೆದುಕೊಂಡೆ. ಹಸಿರು ಹುಳುವೊಂದು ಮುಂದಿನ ಗಾಜಿನ ಹತ್ತಿರ ತಲೆಯೆತ್ತಿ ರಸ್ತೆ ನೋಡುತ್ತಿದ್ದರೂ ತಡೆದುಕೊಂಡೆ. ಚನ್ನಪಟ್ಟಣ ಇನ್ನೇನು ಬಂತು ಎನ್ನುವಾಗ ಜಾಮು. ಮುಂದಿದ್ದ ಬೈಕಿನವನು ಫೋನಿನಲ್ಲಿ ಮಾತಾಡುತ್ತಾ ಸೊಟ್ಟಗೆ ನಿಂತಿದ್ದ. ಆಗ ಆ ಇನ್ನೊಬ್ಬರು ಬಂದೇಬಿಟ್ಟರು. ಹಾರ್ನ್ ಒತ್ತಿಹಿಡಿದು, ಗಾಜು ಇಳಿಸಿ, ಅವನ ಕಣ್ಣು, ಕಿವಿ, ಬುದ್ಧಿಯ ಬಗ್ಗೆ ಒಂದಿಷ್ಟು ಮಾತಾಡಿದರು. ಹಿಂದಿನ ಸೀಟಿನಲ್ಲಿ ನಗು ನಿಂತುಹೋಯಿತು. ಅದೇ ಹೊತ್ತಿಗೆ ಇನ್ನೊಂದು ಬಸ್ಸು ಬಂತು. ನಮ್ಮ ಕಡೆಯ ಬಸ್ಸಿಗೆ ಯಾರೂ ದಾರಿ ಬಿಡಬೇಕಾಗಿಲ್ಲ, ಅದೇ ಮಾಡಿಕೊಳ್ಳುತ್ತದೆ. ಪಕ್ಕಕ್ಕೆ ಬಂದು ನಿಂತ ಬಸ್ಸಿನ ಕಿಟಕಿಯಿಂದ ಯಾರೋ, "ಬನ್ರೇ, ಸೀಟೈತೆ!" ಎಂದು ಕೂಗಿದರು. ಶಬಾನಾ ಬಾಗಿಲು ತೆಗೆದರು. "ಥ್ಯಾಂಕ್ಸ್ ಸಾರ್, ಬೇಜಾರ್ ಮಾಡ್ಕೊಬೇಡಿ" ಎಂದು ಎಲ್ಲರೂ ಇಳಿದರು. ಸುಮಿತ್ರಳೂ ಇಳಿದಳು. "ಚೀಲ ಭಾರ ಐತೆ, ನೀವೇ ತಂದ್ಬುಡಿ" ಎಂದಷ್ಟೇ ಹೇಳಿದಳು.

ಬಸ್ಸು ಮೂತಿ ತೂರಿಸಿಕೊಂಡು ಒಂದಿಷ್ಟು ಮುಂದೆ ಹೋಗಿ ಅದೂ ನಿಂತಿತು. ನನಗೆ ನಿಜಕ್ಕೂ ದುಃಖವಾಯಿತು. ಬೈಕಿನವನು ಇನ್ನೂ ಫೋನಿನಲ್ಲೇ ಇದ್ದ. ಬೈಯಲು ಉತ್ಸಾಹ ಉಳಿದಿರಲಿಲ್ಲ. ಪಕ್ಕದ ಚೀಲಕ್ಕೆ ಕೈ ಹಾಕಿ ಸುಮ್ಮನೆ ಒಂದು ಕಾಯಿ ಸುಲಿದೆ. ಇನ್ನೊಂದು ಸುಲಿದೆ. ಹಿಡಿತುಂಬ ಕಾಳಾದಾಗ ಎಲ್ಲಿ ಹಾಕುವುದೆಂದು ತಿಳಿಯದೆ ಟಿಫನ್ ಬಾಕ್ಸ್ ತೆಗೆದೆ. ಬೆರಳಿಗೆ ಸೊನೆ ಅಂಟಿತು, ಕಾರೆಲ್ಲ ಸೊಗಡಾಯಿತು. ಜಾಮು ಬಿಟ್ಟು ಹಿಂದಿನವರು ಹಾರ್ನ್ ಹೊಡೆದಾಗಲೇ ನನಗೆ ಎಚ್ಚರವಾದದ್ದು. ಅವರೂ ನನ್ನ ಕಣ್ಣು, ಕಿವಿ, ಬುದ್ಧಿಯ ಬಗ್ಗೆ ಏನೋ ಹೇಳಿದರು.

ಮನೆಗೆ ಬಂದು ಚೀಲವನ್ನೂ ಟಿಫನ್ ಬಾಕ್ಸನ್ನೂ ಅಡುಗೆಮನೆಯಲ್ಲಿಟ್ಟೆ. ಸುಮಿತ್ರ ಮುಚ್ಚಳ ತೆಗೆದು ನೋಡಿದಳು. "ನಾವು ಬಸ್ಸಿನ ಹಿಂದಿನ ಗಾಜಿಂದ ನೋಡ್ತಾನೇ ಇದ್ವಿ" ಎಂದಳು. "ಈಗ ಕೂತಿರೋರು ನಮ್ಮೆಜಮಾನ್ರು, ಇವ್ರ ಪರಿಚಯ ನಂಗೈತೆ ಅಂತ ಜಯಕ್ಕಂಗೆ ಹೇಳ್ದೆ. ಆ ಇನ್ನೊಬ್ರು ಎಲ್ಲಿ ಇಳ್ಕಂಡ್ರು?" ನಾನು ಕೈ ತೊಳೆಯಲು ಹೋದೆ. ಅಂದಿನ ಕಾಳಿನ ಸಾರು ಬಹಳ ಚೆನ್ನಾಗಿತ್ತು.

ಮಾರನೆಯ ಸಂಜೆ ರಾಮನಗರದ ಬಸ್ ಸ್ಟ್ಯಾಂಡಿನ ಎದುರು ಎಂದಿನಂತೆ ಸಿಕ್ಕಿಕೊಂಡಿದ್ದೆ. ಯಾರೋ ಗಾಜು ತಟ್ಟಿದರು. ಇಳಿಸಿದರೆ ಸುಮಿತ್ರ. ಅವರೆಕಾಯಿಯ ಚೀಲವನ್ನು ಕಿಟಕಿಯಿಂದಲೇ ಮುಂದಿನ ಸೀಟಿನ ಮೇಲೆ ಹಾಕಿ, ತಾನೇ ಕೈ ಚಾಚಿ ಬೆಲ್ಟು ಬಿಗಿದು, ಬಸ್ಸಿನ ಕಡೆ ಓಡಿದಳು. ಅಂದಿನಿಂದ ದಿನವೂ ಇದೇ. ಎರಡು ಕೈಗೂ ಸುಲಿಯುವ ಕೆಲಸವಿರುವುದರಿಂದ ನಿಂತಲ್ಲಿ ಹಾರ್ನ್ ಹೊಡೆಯಲು ನನಗೆ ಬಿಡುವಾಗುತ್ತಿಲ್ಲ. ಕಿಟಕಿಯಿಂದ ಚೀಲ ಹಾಕಿದವರು ಹಿಂದಿನಿಂದ ಬಂದು ಕೂತೇ ಕೂರುತ್ತಾರೆ ಎಂಬುದು ಬಸ್ಸಿನ ಕಾನೂನು. ಅದನ್ನೇ ನಂಬಿ ಆ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸದೆ ಕಾಯುತ್ತಿದ್ದೇನೆ. ಅವರೆಕಾಯಿಯ ಕಾಲ ಮುಗಿಯುವುದರೊಳಗೆ ಅವಳು ಬಂದರೆ ಸರಿ. ಬರದಿದ್ದರೆ ಮುಂದೆ ಹಲಸಿನ ಹಣ್ಣಿನ ಕಾಲ. ಹಲಸಿನ ಹಣ್ಣಿಗೆ ಬೆಲ್ಟು ಹಾಕುವುದು ಹೇಗೆಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ.