ಕೂರಬಾರದ ಕುರ್ಚಿಗಳು

ಹಳೇ ಕುರ್ಚಿ ತರೋಕೆ ಅಂತ ಹೊರಟ ದಿನ ಸುಮ್ಮನೆ ಹೋಗಿ ಸುಮ್ಮನೆ ವಾಪಸ್ ಬಂದದ್ದು ನನಗಂತೂ ನೆನಪಿಲ್ಲ.

ಹುಣಸೂರಿನ ಒಂದು ಚಿಕ್ಕ ಮ್ಯೂಸಿಯಂನಲ್ಲಿ ನಾನು ಸಹಾಯಕಿ. ಸ್ವಾತಂತ್ರ್ಯ ಬಂದ ಮೇಲಿನ ಹತ್ತಿಪ್ಪತ್ತು ವರ್ಷಗಳಲ್ಲಿ ತಯಾರಾದ ಮೇಜು ಕುರ್ಚಿಗಳನ್ನು ನಾವು ಕೂಡಿಡುತ್ತೇವೆ. ಕೆತ್ತನೆ, ಬಳ್ಳಿ, ಸಿಂಹದ ಪಾದ ಏನೂ ಇಲ್ಲ. ಬಗ್ಗಿಸಿದ ಉಕ್ಕಿನ ಪೈಪು, ಅದರ ಮೇಲೆ ತೇಗದ ಪಟ್ಟಿ, ಅಷ್ಟೇ. ಆ ಕಾಲಕ್ಕೆ ಅದೇ ಹೊಸ ಫ್ಯಾಷನ್. ನಮ್ಮ ಕ್ಯುರೇಟರ್ ಮೇಡಂ ಅವುಗಳ ಮುಂದೆ ಮಾತು ಮರೆತು ನಿಲ್ಲುತ್ತಾರೆ. ಊರಿನವರು ಮಾತ್ರ "ಇದು ಡಾಕ್ಟ್ರ ಶಾಪಿನ ಕುರ್ಚಿ ಅಲ್ವ?" ಅನ್ನುತ್ತಾರೆ.

ಹೋದ ವರ್ಷ ಹೊಸ ಗ್ಯಾಲರಿ ತೆರೆಯೋಕೆ ಇನ್ನೊಂದೇ ತಿಂಗಳಿದ್ದಾಗ ವಸ್ತು ಇಡೋ ಮೂರು ಕಟ್ಟೆ ಖಾಲಿ ಇದ್ದವು. "ಖಾಲಿ ಕಟ್ಟೆ ತೋರಿಸೋಕೆ ಜನರನ್ನ ಕರೀತೀವಾ?" ಅಂದರು ಮೇಡಂ. ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಡ್ರೈವರ್ ಅಣ್ಣನನ್ನು ಕರೆದುಕೊಂಡು ಗೂಡ್ಸ್ ಟೆಂಪೋ ಹತ್ತಿದೆ.

ಅಜ್ಜಿ ಏಳಲಿಲ್ಲ

ಕೆ.ಆರ್. ನಗರದ ಹತ್ತಿರದ ಒಂದು ಹಳ್ಳಿ. ಕಾಲುವೆ ಪಕ್ಕದ ದೊಡ್ಡ ಮನೆ. ಕುರ್ಚಿ ಕೊಡುತ್ತೇನೆಂದು ಯಜಮಾನರು ಫೋನಿನಲ್ಲೇ ಒಪ್ಪಿದ್ದರು. ಹೋಗಿ ನೋಡಿದರೆ ಕುರ್ಚಿ ಮೇಲೆ ಅವರ ತಾಯಿ ಕೂತಿದ್ದಾರೆ. ಎಂಬತ್ತು ದಾಟಿದ ಅಜ್ಜಿ, ಎರಡೂ ಕೈಯಲ್ಲಿ ಪೈಪು ಹಿಡಿದು.

"ಏಳವ್ವ," ಅಂದರು ಮಗ.

"ಏಳಾಕಿಲ್ಲ."

ಹತ್ತು ಗಂಟೆಗೆ ಹೋದವರು ನಾವು. ಹನ್ನೊಂದಾಯಿತು, ಹನ್ನೆರಡಾಯಿತು. ಸೊಸೆ ಊಟಕ್ಕೆ ಕರೆದರೆ ಅಜ್ಜಿ ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡರು. ಮಗ ಬೇಡಿಕೊಂಡರು, ರೇಗಿದರು, ಕೊನೆಗೆ ಮುಖ ಊದಿಸಿಕೊಂಡು ಗದ್ದೆ ಕಡೆ ಹೊರಟುಹೋದರು. ಮೇಡಂ ಎರಡು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ.

ಎರಡು ಗಂಟೆಗೆ ನನಗೇ ಸಾಕಾಗಿ ಅಜ್ಜಿ ಪಕ್ಕದಲ್ಲಿ ನೆಲದ ಮೇಲೆ ಕೂತೆ. "ಅಜ್ಜಿ, ಇದು ನಿಮ್ಮ ಕುರ್ಚಿ. ಕೊಡೋಕೆ ಮನಸ್ಸಿಲ್ಲ ಅಂದ್ರೆ ಬ್ಯಾಡ. ನಾವು ಹೊರಡ್ತೀವಿ."

ಅಜ್ಜಿ ತಟ್ಟನೆ ಎದ್ದರು. "ತಗೊಂಡೋಗವ್ವ ತಾಯಿ! ಮದುವೆಯಾಗಿ ಬಂದಾಗಿಂದ ಇದ್ರಲ್ಲಿ ಕೂತು ಕೂತು ನನ್ನ ಸೊಂಟ ಮುರುದೋಯ್ತು. ಯಾರಾದ್ರು ಒತ್ಕೊಂಡೋಗ್ಲಿ ಅಂತ್ಲೇ ಕಾಯ್ತಿದ್ದೆ."

"ಮತ್ತೆ ಬೆಳಿಗ್ಗೆಯಿಂದ ಯಾಕಜ್ಜಿ ಏಳಲಿಲ್ಲ?"

"ನನ್ನ ಒಂದು ಮಾತು ಕೇಳ್ದೆ ಒಪ್ಕೊಂಡ್ನಲ್ಲ ಅವ್ನು? ಅದ್ಕೆ. ಸೊಂಟ ಓದ್ರೆ ಓಗ್ಲಿ ಅಂತ ಕೂತಿದ್ದೆ!"

ಪ್ಯಾಕಿಂಗ್

ಎರಡನೆಯದು ಒರಗು ಕುರ್ಚಿ. ಎಚ್.ಡಿ. ಕೋಟೆ ಕಡೆ, ಕಾಡಂಚಿನ ಹಳೇ ಬಂಗಲೆಯಲ್ಲಿತ್ತು. ಉದ್ದನೆಯ ಪೈಪಿನ ಮೇಲೆ ತೆಳ್ಳಗಿನ ತೇಗದ ಪಟ್ಟಿಗಳು, ಒಂದೂ ಸೀಳಿರಲಿಲ್ಲ. ಗೀಚು ಬಿದ್ದರೆ ನನ್ನ ಕೆಲಸ ಹೋದಂತೆ. ತಂದಿದ್ದ ಪ್ಲಾಸ್ಟಿಕ್ ಹಾಳೆ ಚಿಕ್ಕದಾಯಿತು; ಅದನ್ನು ಬಿಟ್ಟು, ಬಂಗಲೆ ಕಾವಲುಗಾರರು ಕೊಟ್ಟ ಭತ್ತದ ಹುಲ್ಲನ್ನು ಸುತ್ತಲೂ ದಪ್ಪಗೆ ಸುತ್ತಿ ಹಗ್ಗ ಕಟ್ಟಿದೆವು.

ನಾಲ್ಕು ಕಿಲೋಮೀಟರ್ ಬಂದಿರಬಹುದು. ತಿರುವಿನಲ್ಲಿ ಡ್ರೈವರ್ ಅಣ್ಣ ಬ್ರೇಕ್ ಹಾಕಿದರು. ರಸ್ತೆಗೆ ಅಡ್ಡವಾಗಿ ಆನೆ. ಒಂಟಿ.

"ಅಕ್ಕ, ಉಸ್ರು ಬುಡ್ಬ್ಯಾಡಿ," ಅಂದು ಇಂಜಿನ್ ಆರಿಸಿದರು.

ಅದು ಹತ್ತಿರ ಬಂತು. ನನ್ನ ಕಿಟಕಿ ಪಕ್ಕದಲ್ಲೇ ಹಾದುಹೋಯಿತು. ಕೈ ಚಾಚಿದರೆ ಚರ್ಮದ ಸುಕ್ಕು ಸಿಗುತ್ತಿತ್ತು. ಹಿಂದಕ್ಕೆ ಹೋಗಿ ನಿಂತಿತು. ಟೆಂಪೋ ಒಂದು ಸಲ ಕುಯ್ಯೆಂದು ಅಲುಗಿತು. ಆಮೇಲೆ ಹಗ್ಗ ಕಿತ್ತ ಸದ್ದು. ಆಮೇಲೆ ಇನ್ನೊಂದು ಸದ್ದು, ಕರಕ್ ಕರಕ್.

ನಾನು ಕಣ್ಣು ಮುಚ್ಚಿ ಚಾಮುಂಡಿಗೆ ಹರಕೆ ಹೊತ್ತೆ. ತೇಗದ ಪಟ್ಟಿಯೇ ಮುರಿಯುತ್ತಿದೆ ಅಂದುಕೊಂಡಿದ್ದೆ. ಕಾಲು ಗಂಟೆಯ ಮೇಲೆ ಸದ್ದು ನಿಂತಿತು. ಆನೆ ಏನೂ ಆಗಿಲ್ಲವೆಂಬಂತೆ ಕಾಡಿಗಿಳಿಯಿತು. ಇಳಿದು ನೋಡಿದರೆ ಕುರ್ಚಿ ಫಳಫಳ ಅಂತ ನಿಂತಿದೆ. ಒಂದು ಗೀಚಿಲ್ಲ. ಒಂದು ಎಳೆ ಹುಲ್ಲೂ ಇಲ್ಲ.

ವಸ್ತು ಬಂದ ಸ್ಥಿತಿಯನ್ನು ರಿಜಿಸ್ಟರಿನಲ್ಲಿ ಬರೆಯೋದು ನಮ್ಮ ನಿಯಮ. "ಕುರ್ಚಿ ಸುಸ್ಥಿತಿಯಲ್ಲಿದೆ. ಪ್ಯಾಕಿಂಗನ್ನು ಆನೆ ತಿಂದಿದೆ" ಅಂತ ಬರೆದೆ. ಮೇಡಂ ಓದಿ, ಕನ್ನಡಕ ತೆಗೆದು ಕೇಳಿದರು: "ಆನೆ ಅಷ್ಟು ನೀಟಾಗಿ ಬಿಚ್ಚಿದೆಯಲ್ಲ, ನಮ್ಮವರಿಗೆ ಯಾಕ್ರೀ ಬರಲ್ಲ?"

ಬೀಗ ಹಾಕಿದ ಡ್ರಾಯರ್

ಮೂರನೆಯದು ಪಿರಿಯಾಪಟ್ಟಣದ ಹತ್ತಿರದ ಹೊಗೆಸೊಪ್ಪು ಬೆಳೆಗಾರರ ಮನೆಯ ಮೇಜು. ಉಕ್ಕಿನ ಕಾಲು, ತೇಗದ ಹಲಗೆ, ಬಲಗಡೆ ಒಂದು ಡ್ರಾಯರ್. ಆ ಡ್ರಾಯರಿಗೆ ಬೀಗ, ಬೀಗದ ಕೈ ನಾಪತ್ತೆ. ಮೇಜಿನ ಯಜಮಾನರು ತೀರಿಕೊಂಡು ಹನ್ನೊಂದು ವರ್ಷ. ಅವರ ಇಬ್ಬರು ಗಂಡುಮಕ್ಕಳು ಮಾತು ಬಿಟ್ಟೂ ಅಷ್ಟೇ ವರ್ಷ. ಅಪ್ಪ ಬರೆದಿಟ್ಟ ಪಾಲಿನ ಪತ್ರ ಆ ಡ್ರಾಯರಿನಲ್ಲಿದೆ ಅನ್ನೋದು ಇಬ್ಬರ ಗುಮಾನಿ. ಮೇಜು ಕೊಡೋದಕ್ಕೆ ಒಪ್ಪಿದ್ದೂ ಒಂದೇ ಷರತ್ತಿನ ಮೇಲೆ: ಎಲ್ಲರ ಮುಂದೆ ತೆಗೀಬೇಕು.

ಅಂಗಳದ ಆ ಕಡೆ ಅಣ್ಣ, ಅವನ ಕಡೆಯವರು. ಈ ಕಡೆ ತಮ್ಮ, ಅವನ ಕಡೆಯವರು. ನಡುವೆ ಮೇಜು, ನಾನು, ನನ್ನ ಸ್ಕ್ರೂ ಡ್ರೈವರು. ಯಾರ ಕೈಯಲ್ಲೋ ಮಚ್ಚು. ಎಳನೀರು ಕೆತ್ತೋಕೆ ತಂದದ್ದು ಅಂತ ಆಮೇಲೆ ಗೊತ್ತಾಯಿತು. ಆಗ ಯಾರೂ ಹೇಳಲಿಲ್ಲ.

ಡ್ರಾಯರ್ ಒಡೆಯೋ ಹಾಗಿರಲಿಲ್ಲ. ಹಿಂದಿನ ತಗಡಿನ ಆರು ಸ್ಕ್ರೂ ಒಂದೊಂದಾಗಿ ಬಿಚ್ಚಿದೆ. ಒಳಗೆ ಕೈ ಹಾಕಿದೆ. ಬಟ್ಟೆ ಗಂಟು. ಹೊರಗೆ ತೆಗೆದು ಬಿಚ್ಚಿದೆ.

ಹಲ್ಲು ಸೆಟ್ಟು.

ಮತ್ತೆ ಕೈ ಹಾಕಿ ತಡಕಿದೆ, ಪತ್ರ ಗಿತ್ರ ಏನೂ ಇರಲಿಲ್ಲ. ಆಮೇಲೆ ಅಣ್ಣ ಮೆತ್ತಗೆ ಅಂದ: "ಲೇ, ಅಪ್ಪನ ಹಲ್ಲು ಕಣ್ಲಾ. ನಾನು ಬಚ್ಚಿಟ್ಟೆ ಅಂತ ಊರ್ಗೆಲ್ಲ ಸಾರಿದ್ಯಲ್ಲ!"

"ನೀನು ನನ್ ಎಂಡ್ತಿ ಮ್ಯಾಲೆ ಹಾಕ್ಲಿಲ್ವಾ?" ಅಂದ ತಮ್ಮ. ಜಗಳ ಶುರುವಾದದ್ದೇ ಅಪ್ಪ ಸಾಯುವ ಮುಂಚೆ ಕಾಣೆಯಾದ ಆ ಹಲ್ಲಿನಿಂದ. ಹನ್ನೊಂದು ವರ್ಷದಲ್ಲಿ ಅವರಾಡಿದ ಮೊದಲ ಮಾತೂ ಅದೇ. ಇಬ್ಬರಿಗೂ ನಗು ಬಂತು, ಹಾಗೇ ಅಳುವೂ ಬಂತು.

ಜಗಲಿ ಮೇಲಿದ್ದ ಹಿರಿಯರೊಬ್ಬರು ಎಲೆ ಅಡಿಕೆ ಉಗಿದು ತೀರ್ಪು ಹೇಳಿದರು: "ಇನ್ನೇನ್ ತಕರಾರು? ಪಾಲ್ ಮಾಡ್ಕಳಿ. ಮ್ಯಾಲಿನ ಸಾಲು ಅಣ್ಣಂಗೆ, ಕೆಳುಗ್ಲುದು ತಮ್ಮಂಗೆ."

ಕೂತ ಸಾಹೇಬರು

ಅಂತೂ ಗ್ಯಾಲರಿ ತೆರೆಯೋ ದಿನ ಬಂತು. ಹನ್ನೊಂದಕ್ಕೆ ಸಮಾರಂಭ. ಅತಿಥಿಯಾಗಿ ಬರಬೇಕಿದ್ದ ಸಾಹೇಬರು, ಯಾವುದೋ ಕಚೇರಿಯ ಅಧಿಕಾರಿ, ಹತ್ತೂವರೆಗೇ ಬಂದುಬಿಟ್ಟರು. ಮೇಡಂ ಗೇಟಿನ ಹತ್ತಿರ ಪೆಂಡಾಲ್ ನೋಡುತ್ತಿದ್ದರು. ಸಾಹೇಬರನ್ನು ಒಳಗೆ ಕರೆದುಕೊಂಡು ಬಂದವಳು ನಾನೇ.

ಒಂದು ಚಿಕ್ಕ ಪೈಪಿನ ಕುರ್ಚಿ ನೋಡಿ "ನಮ್ಮ ಮೇಷ್ಟ್ರು ಇಂಥದ್ರಲ್ಲೇ ಕೂರ್ತಿದ್ರು ಕಣ್ರೀ" ಅಂದರು. ನಾನು ಬೇಡ ಸಾರ್ ಅನ್ನೋದರೊಳಗೆ ಕೂತೇಬಿಟ್ಟರು. ಸಾಹೇಬರು ದಷ್ಟಪುಷ್ಟ. ಏಳೋಕೆ ಹೋದರು. ಕುರ್ಚಿಯೂ ಜೊತೆಗೆ ಎದ್ದಿತು.

ನಾನು ಎಳೆದೆ, ಡ್ರೈವರ್ ಅಣ್ಣ ಎಳೆದರು. ಎರಡು ತೋಳಿನ ಪೈಪೂ ಅವರ ಸೊಂಟವನ್ನು ಇಕ್ಕಳದ ಹಾಗೆ ಹಿಡಿದಿದ್ದವು. "ಪೈಪು ಕುಯ್ದುಬಿಡಿ," ಅಂದರು ಸಾಹೇಬರು. "ಆಗಲ್ಲ ಸಾರ್, ಅದಕ್ಕೆ ಮ್ಯೂಸಿಯಂ ನಂಬರ್ ಬಿದ್ದಿದೆ," ಅಂದೆ. "ನನಗೆ ಬಿದ್ದಿಲ್ಲ, ನನ್ನನ್ನೇ ಕುಯ್ಯಿರಿ ಹಾಗಾದ್ರೆ!" ಡ್ರೈವರ್ ಅಣ್ಣ ಹರಳೆಣ್ಣೆ ತರೋಕೆ ಪೇಟೆಗೆ ಓಡಿದರು.

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಬಿಸಿಲು ಜೋರು ಅಂತ ವಾಚ್‌ಮನ್ ಮೊದಲು ಬಂದವರನ್ನು ಒಳಗೆ ಬಿಟ್ಟಿದ್ದ. ಗಾವಡಗೆರೆ ಕಡೆಯ ವಯಸ್ಸಾದ ಗಂಡ ಹೆಂಡತಿ.

"ಗೊಂಬೆ ಅಂತ ಹೇಳಿ," ಅಂತ ಪಿಸುಗುಟ್ಟಿದ ಸಾಹೇಬರು ಹಾಗೇ ಸೆಟೆದು ಕೂತರು. ನಾನು ಪಕ್ಕದ ಬೋರ್ಡನ್ನು ಅವರ ಮುಂದಕ್ಕೆ ಸರಿಸಿದೆ: ದಯವಿಟ್ಟು ಮುಟ್ಟಬೇಡಿ.

ಗಂಡ ಹತ್ತಿರ ಬಂದು ಬಗ್ಗಿ ನೋಡಿದರು. "ಮೇಣದ್ ಗೊಂಬೆ ಕಣಮ್ಮಿ. ಥೇಟ್ ಮನುಷ್ಯನಂಗೇ ಮಾಡವ್ರೆ. ಬೆವ್ರೂ ಬುಟ್ಟವ್ರೆ ನೋಡು." ಒಂದು ನೊಣ ಸಾಹೇಬರ ಮೂಗಿನ ಮೇಲೆ ಕೂತಿತು. ಅವರು ಅಲುಗಲಿಲ್ಲ.

ಹೆಂಡತಿ ಮುಖವನ್ನೇ ದಿಟ್ಟಿಸಿದರು. "ಇದು ನಮ್ಮ ಅರ್ಜಿ ನೋಡ್ಬೇಕಾದ ಸಾಹೇಬ್ರಂಗೇ ಅದೆ."

"ಅಲ್ಲ ಬುಡು. ಅವ್ರು ಕುರ್ಚೀಲಿ ಕೂತಿದ್ದನ್ನ ಯಾವತ್ತಾರ ಕಂಡಿದ್ದೀವಾ ನಾವು?"

ಗೊಂಬೆಗೆ ರೋಷ ಬಂತೋ ಏನೋ, ತುಟಿ ಅಲುಗಿಸದೆ ಹೇಳಿತು: "ಸೋಮವಾರ ಬನ್ನಿ. ಇರ್ತೀನಿ."

"ಅಯ್ಯಯ್ಯೋ, ಅವ್ರೇ ಕಣಮ್ಮಿ! ಫೋನ್‌ನಾಗೆ ಯಾವಾಗ್ಲೂ ಕೇಳೋ ಮಾತು ಇದೇಯಾ!" ಗಂಡ ಜೇಬಿಗೆ ಕೈ ಹಾಕಿ, ನಾಲ್ಕು ಮಡಿಕೆಯ ಅರ್ಜಿ ಬಿಡಿಸಿ, ಸಾಹೇಬರ ತೊಡೆ ಮೇಲಿಟ್ಟರು. ಸಾಹೇಬರು ನನ್ನ ಕಡೆ ನೋಡಿದರು. ನಾನು ಪೆನ್ನು ಕೊಟ್ಟೆ. ಅವರು ಅರ್ಜಿಯನ್ನು ಎರಡು ಸಲ ಓದಿದರು, ಎಲ್ಲ ಸರಿಯಾಗಿದೆ ಅಂತ ಸಹಿ ಹಾಕಿದರು. ಏಳೋಕೆ ಹೋದರೆ ಮತ್ತೆ ಕುರ್ಚಿಯೂ ಜೊತೆಗೇ ಎದ್ದಿತು; ಗಂಡ ಹೆಂಡತಿ ಇಬ್ಬರೂ ನೋಡಿದರು.

ಆಗ ಡ್ರೈವರ್ ಅಣ್ಣ ಏದುಸಿರು ಬಿಡುತ್ತಾ ಎಣ್ಣೆ ಬಾಟಲಿ ಹಿಡಿದು ಒಳಗೆ ಬಂದರು. ಗಂಡ ಎರಡೂ ಕೈ ಚಾಚಿ ಅವರಿಗೆ ಅಡ್ಡ ನಿಂತರು.

"ತಡ್ಕ ಅಣ್ಣ, ಈಗ್ಲೇ ಹಚ್ಬ್ಯಾಡ! ನಮ್ಮೂರಿಂದ ಇನ್ನೂ ಐದು ಜನ ಅರ್ಜಿ ಹಿಡ್ಕಂಡು ಬಸ್ಸಲ್ಲಿ ಬತ್ತಾವ್ರೆ!"