ಸ್ಲಾತ್ ಇಳಿದ ನಲವತ್ತು ನಿಮಿಷಗಳು ಮತ್ತು ಮೂರು ಗಂಟೆಯ ಕಾಫಿ

ತುಲನಾತ್ಮಕ ಪ್ರಾಣಿ ಶರೀರಕ್ರಿಯಾ ಸಂಶೋಧನಾ ಕೇಂದ್ರದ ಕಾರ್ಯಾಲಯ
ಲಿಮೋನ್ ಕರಾವಳಿ, ಕೋಸ್ಟಾ ರಿಕಾ

ಸಂಖ್ಯೆ: ತುಪ್ರಾಶ/ನಿಧಾನ/14/ಬಾಧೆ/03
ದಿನಾಂಕ: ಮೇ 19

ವಿಷಯ: ಸ್ಲಾತ್ ಸಂಖ್ಯೆ 14 ಮರದಿಂದ ಇಳಿದಾಗ ವೀಕ್ಷಕಿ ಸ್ಥಳದಲ್ಲಿಲ್ಲದ ಬಗ್ಗೆ, ಹಾಗೂ ಉಭಯರ ದೇಹಬಾಧೆಯನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ:
1) ವೀಕ್ಷಕಿ ದೋನ್ಯಾ ಓದಿಲಿಯಾ ಬ್ರೆನೆಸ್ ಅವರ ಮನವಿಗಳು, ವರ್ಷಕ್ಕೊಂದರಂತೆ ಹನ್ನೊಂದು (ಎಲ್ಲವೂ ಪರಿಶೀಲನೆಯಲ್ಲಿವೆ).
2) ಅಡುಗೆಯ ಮಿಸ್ ಅಡೀನಾ ಅವರ ಮೌಖಿಕ ಬೈಗುಳ, ಮೇ 6.

ಸ್ಲಾತ್ ಎಂಬ ಪ್ರಾಣಿಯು ಮರದಲ್ಲೇ ವಾಸಿಸಿ, ಸುಮಾರು ಏಳು ದಿನಕ್ಕೊಮ್ಮೆ ಮಲವಿಸರ್ಜನೆಗೆಂದು ಮಾತ್ರ ನೆಲಕ್ಕಿಳಿಯುತ್ತದೆಂಬುದು ಎಲ್ಲ ಸಿಬ್ಬಂದಿಗೂ ತಿಳಿದ ವಿಷಯ. ಇಳಿದ ವೇಳೆಯನ್ನು ಬರೆದು, ಹಿಕ್ಕೆಯನ್ನು ತೂಗಿ, ಅದನ್ನು ಗಾಳಿಯಲ್ಲಿ ನಿಂತೇ ಗಳಿಗೆಗೊಮ್ಮೆ ಮಕರಂದ ಹೀರುವ ಪುಟ್ಟ ಹಕ್ಕಿಯಾದ ಹಮ್ಮಿಂಗ್‌ಬರ್ಡ್‌ನ ವಿಭಾಗದ ಅಂಕಿಗಳೊಂದಿಗೆ ಹೋಲಿಸುವುದೇ ಈ ಕೇಂದ್ರದ ಕೆಲಸ. ದೋನ್ಯಾ ಓದಿಲಿಯಾ ಅವರು ಹನ್ನೊಂದು ವರ್ಷಗಳಿಂದ ಬೆಳಗಿನ ಆರರಿಂದ ಸಂಜೆ ನಾಲ್ಕರವರೆಗೆ ಮರದಡಿ ಕುಳಿತು ಒಂದು ಇಳಿತವನ್ನೂ ತಪ್ಪಿಸಿಕೊಂಡಿರಲಿಲ್ಲ. ಮೇ 5ರಂದು ತಪ್ಪಿತು. 'ಇಳಿದ ವೇಳೆ' ಎಂಬ ಅಂಕಣದಲ್ಲಿ ಅವರು "ಗೊತ್ತಿಲ್ಲ. ನಾನೂ ಅದೇ ಕೆಲಸಕ್ಕೆ ಹೋಗಿದ್ದೆ" ಎಂದು ಬರೆದಿರುತ್ತಾರೆ.

ಸಮಜಾಯಿಷಿ ಕೇಳಲಾಗಿ, ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

"ಅವತ್ತು ನನಗೆ ಐವತ್ತೊಂದು ತುಂಬ್ತು, ಡಾಕ್ಟ್ರೇ. ಅಡೀನಾ ಕಾಡಿನ ತನಕ ಫ್ಲಾಸ್ಕು ಹೊತ್ಕೊಂಡು ಬಂದ್ಲು. ಮೂರು ಗಂಟೆ ಕಾಫಿ ಬೇಡ ಅನ್ನೋಳು ಈ ದೇಶದಲ್ಲಿ ನಾನೊಬ್ಳೇ. ನನ್ನ ನಾದಿನಿ 'ಇವಳಿಗೆ ವಿಜ್ಞಾನಿಗಳ ಸಹವಾಸ, ಕೊಬ್ಬು' ಅಂತಾಳೆ. ಕೊಬ್ಬಲ್ಲ ಡಾಕ್ಟ್ರೇ, ಕಕ್ಕಸು ಒಂದು ಕಿಲೋಮೀಟರು, ನಡುವೆ ಹಳ್ಳ ಬೇರೆ. ಗಂಡಸ್ರಿಗೆ ಇಡೀ ಕಾಡಿದೆ. ಅವತ್ತು ಎರಡು ಲೋಟ ಕುಡಿದೆ. ಚೆನ್ನಾಗಿತ್ತು. ಹೋಗಿ ಬರೋಕೆ ನಲವತ್ತು ನಿಮಿಷ ಆಯ್ತು. ಅಷ್ಟರಲ್ಲಿ ಅವಳು ಇಳಿದು, ಮುಗಿಸಿ, ಮಣ್ಣು ಮುಚ್ಚಿ, ಅರ್ಧ ಮರ ಹತ್ತಿದ್ಲು. ನನ್ನನ್ನ ನೋಡಿದ್ಲು. ನಾನೂ ನೋಡಿದೆ."

ಜಗತ್ತಿನ ಅತಿ ನಿಧಾನದ ಸಸ್ತನಿಯಿಂದ ಸರ್ಕಾರಿ ನೌಕರರೊಬ್ಬರು ಹಿಂದೆ ಬಿದ್ದಿರುವುದನ್ನು ಗಂಭೀರವಾಗಿ ಪರಿಗಣಿಸಿ, ಅವರನ್ನು ಹಮ್ಮಿಂಗ್‌ಬರ್ಡ್ ವಿಭಾಗಕ್ಕೆ ವರ್ಗಾಯಿಸಲು ಉದ್ದೇಶಿಸಲಾಗಿತ್ತು. ಜೊತೆಗೆ ಈ ಕೆಳಕಂಡ ನಿಯಮಗಳನ್ನು ರೂಪಿಸಲಾಗಿತ್ತು:

1. ಸಿಬ್ಬಂದಿಯ ದೇಹಬಾಧೆಯು ಅವರು ಅಧ್ಯಯನ ಮಾಡುವ ಪ್ರಾಣಿಗೆ ಅನುಗುಣವಾಗಿರತಕ್ಕದ್ದು. ಸ್ಲಾತ್ ಏಳು ದಿನ ತಡೆದುಕೊಳ್ಳುವಾಗ ವೀಕ್ಷಕಿಯು ಹತ್ತು ಗಂಟೆ ತಡೆದುಕೊಳ್ಳಲು ಶರೀರಶಾಸ್ತ್ರದ ಅಡ್ಡಿ ಕಂಡುಬರುವುದಿಲ್ಲ.

2. ಸ್ಲಾತ್ ವಿಭಾಗದವರು ಜಲಬಾಧೆಗೆ ಏಳು ದಿನ ಮುಂಚಿತವಾಗಿ ನಮೂನೆ 9ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ತುರ್ತು ಎಂಬ ಪದವನ್ನು ಈ ವಿಭಾಗದಲ್ಲಿ ಬಳಸತಕ್ಕದ್ದಲ್ಲ.

3. ಹಮ್ಮಿಂಗ್‌ಬರ್ಡ್ ವಿಭಾಗದವರು ಹತ್ತು ನಿಮಿಷಕ್ಕೊಮ್ಮೆ ಸಿಹಿ ತಿನ್ನತಕ್ಕದ್ದು. ಕುಳಿತು ತಿನ್ನುವುದನ್ನು ಕರ್ತವ್ಯಲೋಪವೆಂದು ಭಾವಿಸಲಾಗುವುದು.

4. ಸ್ಲಾತ್ ಸಂಖ್ಯೆ 14 ಕಚೇರಿ ವೇಳೆಯಲ್ಲಿ, ವೀಕ್ಷಕಿಯ ಸಮಕ್ಷಮದಲ್ಲಿ ಮಾತ್ರ ಇಳಿಯತಕ್ಕದ್ದು ಎಂದು ಈ ಮೂಲಕ ಸೂಚಿಸಲಾಗಿದೆ. ಸದರಿ ಪ್ರಾಣಿಯು ಉತ್ತರಿಸಲು ಆರು ತಿಂಗಳ ಕಾಲಾವಕಾಶ ನೀಡಲಾಗಿದೆ.

5. ಸದರಿ ಪ್ರಾಣಿಯ ಮೈಗೂದಲಲ್ಲಿ ವಾಸವಾಗಿರುವ ಪತಂಗಗಳು ಇಳಿತದ ಬಗ್ಗೆ ಮುಂಚಿತವಾಗಿ ತಿಳಿದಿದ್ದೂ ಕಾರ್ಯಾಲಯದ ಗಮನಕ್ಕೆ ತಾರದಿರುವುದನ್ನು ಆಕ್ಷೇಪಿಸಲಾಗಿದೆ.

ನಿಯಮಗಳು ಪಾಲನೆಗೆ ಯೋಗ್ಯವೆಂದು ಸಾಬೀತುಪಡಿಸಲು ನಿರ್ದೇಶಕರಾದ ಡಾ. ಸೊಲೋರ್ಸಾನೊ ಅವರ ನೇತೃತ್ವದಲ್ಲಿ ಮೂವರ ಸಮಿತಿಯು ಮೇ 12ರಂದು ಬೆಳಗಿನ ಆರಕ್ಕೆ ಮರದಡಿ ಕುಳಿತಿತು. ಕಾಡೆಂಬುದು ಪ್ರಾಣಿಗೆ ಸೇರಿದ್ದಾದ್ದರಿಂದ ಸದಸ್ಯರು ದೇಹಬಾಧೆಗೆ ಕಾಡನ್ನು ಬಳಸತಕ್ಕದ್ದಲ್ಲವೆಂದು ಸಮಿತಿಯೇ ಮೊದಲು ತೀರ್ಮಾನಿಸಿತ್ತು. ಮೂರು ಗಂಟೆಗೆ ಮಿಸ್ ಅಡೀನಾ ಅವರು ಕಾಫಿ, ಪಾನ್ ಬೊನ್ ಎಂಬ ಸಿಹಿ ಬ್ರೆಡ್ಡು ತಂದರು. ಮೂರು ಗಂಟೆಯ ಕಾಫಿಯನ್ನು ಬೇಡವೆನ್ನುವ ಪದ್ಧತಿ ಈ ನಾಡಿನಲ್ಲಿಲ್ಲದ ಕಾರಣ ಸಮಿತಿಯು ಕುಡಿಯಿತು. ದೋನ್ಯಾ ಓದಿಲಿಯಾ ಅವರು ಲೋಟವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕುಡಿಯದೆ ಹಿಂದಿರುಗಿಸಿದ್ದನ್ನು ನಡವಳಿಯಲ್ಲಿ ದಾಖಲಿಸಲಾಗಿದೆ.

3.20ಕ್ಕೆ ಮೊದಲ ಸದಸ್ಯರು ಹಳ್ಳದ ಕಡೆ ನೋಡತೊಡಗಿದರು. 3.26ಕ್ಕೆ ಎರಡನೆಯವರು ಒಂದೇ ಕಾಲಿನ ಮೇಲೆ ನಿಂತರು. 3.31ಕ್ಕೆ ನಿರ್ದೇಶಕರು, "ದೋನ್ಯಾ, ಹನ್ನೊಂದು ವರ್ಷ ಹೇಗ್ರೀ ತಡ್ಕೊಂಡ್ರಿ?" ಎಂದು ವಿಚಾರಿಸಿದರು. ಮಿಸ್ ಅಡೀನಾ ಅವರು, "ಈಗ ಬುದ್ಧಿ ಬಂತಾ ರಾಜ? ಓಡು, ಓಡು, ಹಳ್ಳದಲ್ಲಿ ಕಲ್ಲು ಜಾರುತ್ತೆ!" ಎಂದು ಉತ್ತರಿಸಿದರು. ಸಮಿತಿಯು ಓಡಿತು. ಕಲ್ಲು ಜಾರಿತು.

3.37ಕ್ಕೆ ಸ್ಲಾತ್ ಸಂಖ್ಯೆ 14 ಇಳಿಯಿತು. ವೀಕ್ಷಕರ ಪೈಕಿ ಸ್ಥಳದಲ್ಲಿ ದೋನ್ಯಾ ಓದಿಲಿಯಾ ಒಬ್ಬರೇ ಹಾಜರಿದ್ದು, ವೇಳೆ ಮತ್ತು ತೂಕವನ್ನು ಬರೆದುಕೊಂಡಿರುತ್ತಾರೆ. ಅಂಕಣದ ಪಕ್ಕದಲ್ಲಿ "ಇವತ್ತು ಅವಳೂ ನಕ್ಕಳು" ಎಂಬ ಟಿಪ್ಪಣಿಯಿದೆ. ಸ್ಲಾತ್‌ನ ಮುಖವು ಹುಟ್ಟಿನಿಂದಲೇ ನಗುವಂತಿರುವುದರಿಂದ ಇದನ್ನು ಅಂಕಿ-ಅಂಶವೆಂದು ಪರಿಗಣಿಸಲಾಗದು. ಆದರೂ ಅಳಿಸಿಲ್ಲ.

ಆದ್ದರಿಂದ ಈ ಮೂಲಕ ಆದೇಶಿಸಲಾಗಿದೆ:

6. ನಿಯಮ 1ರಿಂದ 5ರವರೆಗಿನವನ್ನು ಜಾರಿಗೆ ಬರುವ ಮುನ್ನವೇ ಹಿಂಪಡೆಯಲಾಗಿದೆ. ಅಚ್ಚಾಗಿರುವುದರಿಂದ ಓದತಕ್ಕದ್ದು.

7. ವರ್ಗಾವಣೆಯ ಪ್ರಸ್ತಾವವನ್ನು ಕೈಬಿಡಲಾಗಿದೆ.

8. ಉಲ್ಲೇಖ 1ರ ಹನ್ನೊಂದು ಮನವಿಗಳಲ್ಲೂ ಕೋರಿರುವಂತೆ, ಮರದಿಂದ ಇಪ್ಪತ್ತು ಹೆಜ್ಜೆಯಲ್ಲಿ, ಮರ ಕಾಣುವಂತೆ ಕಿಟಕಿಯಿಟ್ಟು ಶೌಚಾಲಯವೊಂದನ್ನು ಕಟ್ಟತಕ್ಕದ್ದು. ಬೀಗದ ಕೈ ವೀಕ್ಷಕಿಯ ಬಳಿ ಇರತಕ್ಕದ್ದು. ನಿರ್ದೇಶಕರು ಬಳಸಬೇಕಾದಲ್ಲಿ ನಮೂನೆ 9ರಲ್ಲಿ, ಏಳು ದಿನ ಮುಂಚಿತವಾಗಿ.

9. ಮೂರು ಗಂಟೆಯ ಕಾಫಿಯನ್ನು ದೋನ್ಯಾ ಓದಿಲಿಯಾ ಅವರಿಗೆ ಮೊದಲು ಕೊಡತಕ್ಕದ್ದು. ಹನ್ನೊಂದು ವರ್ಷಗಳ ಬಾಕಿ ಲೋಟಗಳನ್ನು ಅವರು ತಮಗೆ ತೋಚಿದ ವೇಗದಲ್ಲಿ ಕುಡಿಯಬಹುದು.

ಸಹಿ/-
(ಡಾ. ಹೆರ್ಮಾನ್ ಸೊಲೋರ್ಸಾನೊ)
ನಿರ್ದೇಶಕರು
(ಎಡ ಮೊಣಕಾಲಿಗೆ ಪಟ್ಟಿಯಿರುವುದರಿಂದ ಮಲಗಿ ಸಹಿ ಮಾಡಲಾಗಿದೆ)

ಪ್ರತಿಗಳು:
1. ಹಮ್ಮಿಂಗ್‌ಬರ್ಡ್ ವಿಭಾಗ (ನಿಂತುಕೊಂಡೇ ಓದಲು).
2. ಸ್ಲಾತ್ ಸಂಖ್ಯೆ 14, ಮೂರನೆಯ ಕೊಂಬೆ. ಸ್ವೀಕೃತಿ ನಿರೀಕ್ಷಿಸಲಾಗಿದೆ.
3. ಸದರಿ ಪತಂಗಗಳು, ಸಂಖ್ಯೆ 14ರ ಮುಖಾಂತರ.
4. ಮಿಸ್ ಅಡೀನಾ, ಅಡುಗೆಮನೆ: ಮುಂದಿನ ಬೈಗುಳಗಳನ್ನು ಲಿಖಿತವಾಗಿ ನೀಡುವ ಕೋರಿಕೆಯೊಂದಿಗೆ.
5. ದೋನ್ಯಾ ಓದಿಲಿಯಾ ಅವರ ನಾದಿನಿ: ಕೊಬ್ಬಲ್ಲವೆಂಬ ಮಾಹಿತಿಗಾಗಿ.
6. ದೋನ್ಯಾ ಓದಿಲಿಯಾ ಬ್ರೆನೆಸ್, ಮರದಡಿ: ಬೀಗದ ಕೈ ಹಾಗೂ ಒಂದು ಫ್ಲಾಸ್ಕು ಸಹಿತ, ಬಿಸಿಯಾಗಿರುವಾಗಲೇ.